ಎಣ್ಣೆ ಚರ್ಮ, ಮಂಗಳೂರಿನ ಸೆಕೆ, ಹಣೆಯ ತುಂಬ ಗುಳ್ಳೆ: ಯಾವ ಕೊರಿಯನ್ ಉತ್ಪನ್ನ ಹೊಂದುತ್ತದೆ?

ಬಸವನಹುಳುವಿನ ಎಸೆನ್ಸ್, ಅಕ್ಕಿಯ ಸನ್‌ಸ್ಕ್ರೀನ್, ಸೆಂಟೆಲ್ಲಾ ಎಂಬ ಸೊಪ್ಪಿನ ಆಂಪೂಲ್ (ಸೀರಮ್ಮಿನಂಥ ದ್ರವ), ಈ ಮೂರು ಕೊರಿಯನ್ ಉತ್ಪನ್ನಗಳನ್ನು ಹೆಸರಿಸಿ, ‘ನನ್ನದು ಎಣ್ಣೆ ಚರ್ಮ, ಮಂಗಳೂರಿನಲ್ಲಿದ್ದೇನೆ, ಇವುಗಳಲ್ಲಿ ಯಾವುದು ಹೊಂದುತ್ತದೆ?’ ಎಂದು ಕೇಳಿದ್ದೀರಿ. ಹಣೆಯ ಮೇಲೆ ಸಣ್ಣ ಗುಳ್ಳೆಗಳೆದ್ದು ಹೋಗುತ್ತಲೇ ಇಲ್ಲ ಎಂಬ ಮಾತನ್ನು ಮಾತ್ರ ಕೊನೆಯಲ್ಲಿ ಕಂಸದೊಳಗೆ ಹಾಕಿದ್ದೀರಿ. ಕಂಸದ ಹೊರಗಿರುವುದನ್ನೆಲ್ಲ ಸದ್ಯಕ್ಕೆ ಬದಿಗಿಡಿ.

ನಾನು ದಾವಣಗೆರೆಯವಳು, ಬ್ಯಾಂಕ್ ನೌಕರಿ. ನಮ್ಮ ಊರಿನ ಚಳಿಗಾಲದ ಒಣಗಾಳಿಗೂ ಬೋರ್‌ವೆಲ್ ನೀರಿಗೂ ಸಿಕ್ಕಿ ನನ್ನ ಕೆನ್ನೆ ಬಿಗಿದುಕೊಂಡು, ತುಟಿಯ ಅಂಚು ಸಿಪ್ಪೆ ಏಳುತ್ತಿತ್ತು. ಆಗ ಕೊರಿಯಾದ ಸಾಮಗ್ರಿ ನಿಜಕ್ಕೂ ಹಿಡಿಸಿತು. ಟೋನರ್, ಎಸೆನ್ಸ್, ಸೀರಮ್, ಎಲ್ಲದರ ಮೇಲೆ ಬೆಣ್ಣೆಯಂಥ ಒಂದು ರಾತ್ರಿ ಕ್ರೀಮ್. ಮುಖ ಮೆತ್ತಗಾಯಿತು, ಕೌಂಟರಿಗೆ ಬರುವ ಗ್ರಾಹಕರೂ ‘ಏನು ಹಚ್ಚುತ್ತೀರಿ ಮೇಡಂ’ ಎಂದು ಕೇಳತೊಡಗಿದರು. ಅಷ್ಟರಲ್ಲಿ ಮಂಗಳೂರಿಗೆ ವರ್ಗವಾಯಿತು, ಅದೂ ನಡು ಬೇಸಿಗೆಯಲ್ಲಿ. ಪಾತ್ರೆಪಗಡದ ಜೊತೆಗೆ ಆ ಡಬ್ಬಿಗಳೂ ಲಾರಿ ಹತ್ತಿದವು.

ಮಂಗಳೂರಿಗೆ ಬಂದ ಕೆಲವೇ ವಾರಗಳಲ್ಲಿ ಹಣೆಯ ಮೇಲೆ, ಕೂದಲಂಚಿನ ಉದ್ದಕ್ಕೂ, ರವೆ ಉದುರಿಸಿದಂತೆ ಗುಳ್ಳೆಗಳು ಎದ್ದವು. ಮುಖ ಸದಾ ಹೊಳೆಯುತ್ತಿತ್ತು. ಹಾಗಾಗಿ ‘ಚರ್ಮ ಎಣ್ಣೆಯದಾಗಿದೆ, ಮೊಡವೆ ಶುರುವಾಗಿದೆ’ ಎಂದು ನಾನೇ ತೀರ್ಪು ಕೊಟ್ಟುಕೊಂಡೆ. ನೀವು ಈಗ ನಿಂತಿರುವ ಜಾಗ ಇದೇ ಎಂಬುದು ನನ್ನ ಗುಮಾನಿ.

ಈ ತಪ್ಪನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಬೇಸರಿಸಬೇಡಿ. ಮೊಡವೆ ಎಂದರೆ ಮುಖದ ಮೇಲೆ ಬಗೆಬಗೆಯ ಸರಕು ಇರುತ್ತದೆ: ಕಪ್ಪುತಲೆ, ಬಿಳಿತಲೆ, ಕೆಂಪು ಗುಳ್ಳೆ, ಒಂದೆರಡು ಕೀವು ತುಂಬಿದವು, ಗದ್ದದ ಹತ್ತಿರ ಒಂದು ದೊಡ್ಡದು. ನನ್ನ ಹಣೆಯಲ್ಲಿ ಇದ್ದವೆಲ್ಲ ಒಂದೇ ಅಳತೆಯವು, ಒಂದೇ ಬಣ್ಣದವು. ಒಂದೇ ಒಂದು ಕಪ್ಪುತಲೆ ಇರಲಿಲ್ಲ. ಕೆನ್ನೆ, ಗದ್ದ ಸ್ವಚ್ಛವಾಗಿದ್ದವು, ಆದರೆ ಎದೆಯ ಮೇಲ್ಭಾಗದಲ್ಲಿ, ಬೆನ್ನಿನಲ್ಲಿ ಅದೇ ಗುಳ್ಳೆಗಳಿದ್ದವು. ಎಲ್ಲಕ್ಕಿಂತ ಮುಖ್ಯವಾಗಿ, ತುರಿಕೆ. ಬೆವರಿದರೆ ಇನ್ನಷ್ಟು ತುರಿಕೆ. ಮೊಡವೆ ನೋಯುತ್ತದೆ, ಅದು ಹೀಗೆ ತುರಿಸುವುದು ಕಡಿಮೆ. ಇಷ್ಟೆಲ್ಲ ಸಾಕ್ಷಿ ಕನ್ನಡಿಯಲ್ಲಿ ದಿನಾ ಕಾಣುತ್ತಿದ್ದರೂ ನಾನು ನೋಡುತ್ತಿದ್ದದ್ದು ಮೊಬೈಲಿನಲ್ಲಿ, ‘ಎಣ್ಣೆ ಚರ್ಮಕ್ಕೆ ಕೊರಿಯನ್ ದಿನಚರಿ’ಗಳನ್ನು. ಪ್ರತಿ ವೀಡಿಯೊ ಇನ್ನೊಂದು ಬಾಟಲಿಯನ್ನು ಸೇರಿಸು ಎನ್ನುತ್ತಿತ್ತು; ಒಂದನ್ನು ತೆಗೆ ಎಂದವರಿಲ್ಲ. ನಾನು ಸೇರಿಸುತ್ತಲೇ ಹೋದೆ, ರಾತ್ರಿ ಕ್ರೀಮನ್ನು ಮಾತ್ರ ಬಿಡಲಿಲ್ಲ. ‘ದುಬಾರಿ ಡಬ್ಬಿ, ಮುಗಿಸಿಬಿಡೋಣ’ ಎಂಬ ಜಿಪುಣತನ.

ಆಮೇಲೆ ಔಷಧದ ಅಂಗಡಿ. ಅಲ್ಲಿನವರು ಮೊದಲು ಕೈಗೆ ಕೊಟ್ಟದ್ದು ಸ್ಟೀರಾಯ್ಡ್ ಬೆರೆತ ಮುಲಾಮು. ಮುಖಕ್ಕೆ ಹಚ್ಚುವ ಇಂಥ ಸ್ಟೀರಾಯ್ಡ್‌ಗಳನ್ನು ಸರ್ಕಾರ 2018ರಲ್ಲೇ ಷೆಡ್ಯೂಲ್ ಎಚ್‌ಗೆ ಸೇರಿಸಿದೆ, ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲ. ಅದನ್ನು ಬೇಡವೆಂದೆ. ಬದಲಿಗೆ ಕ್ಲಿಂಡಮೈಸಿನ್ ಜೆಲ್ ತಂದೆ, ಅದೂ ಚೀಟಿಯಿಲ್ಲದೆಯೇ. ಬ್ಯಾಕ್ಟೀರಿಯಾ ಕೊಲ್ಲುವ ಆ ಜೆಲ್ ಹಚ್ಚಿದಷ್ಟೂ ಗುಳ್ಳೆಗಳು ದಟ್ಟವಾದವು. ನಾನು ಜೆಲ್ ಸಾಲದಾಯಿತೆಂದುಕೊಂಡು ಇನ್ನಷ್ಟು ಹಚ್ಚಿದೆ.

ಕೊನೆಗೆ ಹೋದದ್ದು ಚರ್ಮರೋಗ ತಜ್ಞರ ಬಳಿ. ಅವರು ನನ್ನ ಚೀಲದಲ್ಲಿದ್ದ ಬಾಟಲಿಗಳತ್ತ ತಿರುಗಿಯೂ ನೋಡಲಿಲ್ಲ. ‘ತುರಿಸುತ್ತದೆಯೇ? ತಲೆಗೆ ಎಣ್ಣೆ ಹಚ್ಚುತ್ತೀರಾ?’ ಎಂದಷ್ಟೇ ಕೇಳಿದರು. ಬ್ಲೇಡಿನ ಅಂಚಿನಿಂದ ಒಂದು ಗುಳ್ಳೆಯ ತಲೆಯನ್ನು ಮೆಲ್ಲಗೆ ಕೆರೆದು, ಬಂದದ್ದನ್ನು ಗಾಜಿನ ಪಟ್ಟಿಯ ಮೇಲಿಟ್ಟು, ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದ ಒಂದು ಹನಿ ಬಿಟ್ಟು ಸೂಕ್ಷ್ಮದರ್ಶಕದಡಿ ಇಟ್ಟರು. ಆಮೇಲೆ ನನ್ನನ್ನೂ ಕರೆದು ತೋರಿಸಿದರು: ಗುಂಡುಗುಂಡಾದ ಯೀಸ್ಟ್ ಕಣಗಳ ಗೊಂಚಲು. ಮಲಸೀಜಿಯಾ. ತಲೆಹೊಟ್ಟಿಗೂ, ಬೆನ್ನಿನ ಮೇಲೆ ಬಿಳಿಚು ಮಚ್ಚೆಯಾಗಿ ಬರುವ ಸಿಬ್ಬಿಗೂ ಕಾರಣವಾಗುವ ಅದೇ ಶಿಲೀಂಧ್ರ, ಇಲ್ಲಿ ಕೂದಲ ಬುಡಕ್ಕೆ ಇಳಿದು ಕುಳಿತಿತ್ತು.

ಇದು ಹೊರಗಿನಿಂದ ಅಂಟಿದ ರೋಗವಲ್ಲ. ಎಲ್ಲರ ಚರ್ಮದ ಮೇಲೂ ಇರುತ್ತದೆ. ತನಗೆ ಬೇಕಾದ ಕೊಬ್ಬಿನಾಮ್ಲವನ್ನು ತಾನೇ ತಯಾರಿಸಿಕೊಳ್ಳಲಾಗದ ಜೀವಿ. ಆದ್ದರಿಂದ ನಮ್ಮ ಚರ್ಮದ ಜಿಡ್ಡನ್ನೇ ನಂಬಿ ಬದುಕುತ್ತದೆ. ಸೆಕೆ, ಬೆವರು, ಅದರ ಮೇಲೊಂದು ದಪ್ಪ ಎಣ್ಣೆಯ ಪದರ ಸಿಕ್ಕಿದರೆ ಸಂತಾನ ಹೆಚ್ಚಿಸಿಕೊಳ್ಳುತ್ತದೆ. ಕ್ಲಿಂಡಮೈಸಿನ್ ಏಕೆ ಕೈಕೊಟ್ಟಿತು ಎಂಬುದೂ ಆಗ ಗೊತ್ತಾಯಿತು: ಚರ್ಮದ ಮೇಲೆ ಜಾಗಕ್ಕಾಗಿ ಯೀಸ್ಟಿನ ಜೊತೆ ಪೈಪೋಟಿ ನಡೆಸುವ ಬ್ಯಾಕ್ಟೀರಿಯಾವನ್ನು ಅದು ತೆಗೆದುಹಾಕಿ, ಯೀಸ್ಟಿಗೆ ಮೈದಾನ ಖಾಲಿ ಮಾಡಿಕೊಟ್ಟಿತ್ತು. ಶಿಲೀಂಧ್ರನಾಶಕ ಮಾತ್ರೆ, ಹಣೆಗೂ ಬೆನ್ನಿಗೂ ನೊರೆ ಮಾಡಿ ಹಚ್ಚಿ ತೊಳೆಯಲು ಕೀಟೋಕೊನಜೋಲ್ ಶಾಂಪೂ, ತಲೆಗೆ ಎಣ್ಣೆ ಬಂದ್, ರಾತ್ರಿ ಕ್ರೀಮ್ ಬಂದ್. ಗುಳ್ಳೆಗಳು ಇಳಿದವು. ನಾನು ಕೆರೆದುಕೊಂಡಿದ್ದ ಕಡೆಗಳಲ್ಲಿ ಉಳಿದ ಕಂದು ಕಲೆಗಳು ಮಾತ್ರ ಮುಂದಿನ ಬೇಸಿಗೆಯವರೆಗೂ ಇದ್ದವು. ನನ್ನ ಮಾತ್ರೆ ನಿಮ್ಮ ಮಾತ್ರೆಯಲ್ಲ, ಹಾಗಾಗಿ ಪ್ರಮಾಣ ಬರೆಯುವುದಿಲ್ಲ.

ಇನ್ನು ನಿಮ್ಮ ಪ್ರಶ್ನೆ. ನಿಷ್ಠುರವಾಗಿ ಹೇಳುವುದಾದರೆ ಪ್ರಶ್ನೆಯೇ ಸರಿಯಿಲ್ಲ. ‘ಕೊರಿಯನ್’ ಎಂಬುದು ಒಂದು ಗುಣವಲ್ಲ. ನೀರಿನಂಥ ಆಂಪೂಲೂ ಅಲ್ಲಿಂದಲೇ ಬರುತ್ತದೆ, ತುಪ್ಪದಂಥ ಕ್ರೀಮೂ ಅಲ್ಲಿಂದಲೇ ಬರುತ್ತದೆ. ಸೋಲ್ ನಗರದಲ್ಲಿ ಜನವರಿಯ ಸರಾಸರಿ ತಾಪಮಾನವೇ ಸೊನ್ನೆಗಿಂತ ಕೆಳಗೆ, ಗಾಳಿ ಒಣ. ಜುಲೈ ಬಂದರೆ ಮಳೆ, ಬೆವರು, ನಮ್ಮ ಕರಾವಳಿಯಂತೆಯೇ ಅಂಟಂಟು. ಎರಡೂ ಕಾಲಕ್ಕೆ ಅಲ್ಲಿ ಸಾಮಾನು ತಯಾರಾಗುತ್ತದೆ, ಅಲ್ಲಿನವರು ಕಾಲ ನೋಡಿ ಬದಲಾಯಿಸುತ್ತಾರೆ. ನಮಗೆ ಮಾತ್ರ ಬೇಸಿಗೆಯಲ್ಲೂ ಚಳಿಗಾಲದ ಡಬ್ಬಿಯ ವೀಡಿಯೊ ಕಾಣುತ್ತದೆ. ಹತ್ತು ಹಂತಗಳ ದಿನಚರಿ ಹೊರದೇಶಗಳಿಗೆ ಮಾರಾಟವಾದ ಕಥೆ. ಕೊರಿಯಾದಲ್ಲೇ ‘ಸ್ಕಿಪ್‌ಕೇರ್’ ಎಂದು ಹೆಸರಿಟ್ಟು ಹಂತಗಳನ್ನು ಕತ್ತರಿಸುವ ರೂಢಿ ಬಂದಿದೆ.

‘ಎಣ್ಣೆ ಚರ್ಮ’ ಎಂಬ ನಿಮ್ಮ ಹಣೆಪಟ್ಟಿಯನ್ನೂ ನಾನು ಒಪ್ಪುವುದಿಲ್ಲ. ಮಂಗಳೂರಿನಲ್ಲಿ ಬೆವರದ ಮುಖ ಯಾವುದಿದೆ? ಬೆವರಿನ ಹೊಳಪು ಬೇರೆ, ಜಿಡ್ಡಿನ ಹೊಳಪು ಬೇರೆ. ಮುಖ ತೊಳೆದು ಏನೂ ಹಚ್ಚದೆ, ಹವಾನಿಯಂತ್ರಿತ ಕೋಣೆಯಲ್ಲಿ ಒಂದು ಗಂಟೆ ಕುಳಿತು, ಆಮೇಲೆ ತೆಳು ಕಾಗದವನ್ನು ಹಣೆಗೂ ಕೆನ್ನೆಗೂ ಒತ್ತಿ ಬೆಳಕಿಗೆ ಹಿಡಿಯಿರಿ. ಎಣ್ಣೆಯಾದರೆ ಕಾಗದ ಪಾರದರ್ಶಕವಾಗುತ್ತದೆ, ಹಾಗೆಯೇ ಉಳಿಯುತ್ತದೆ. ನನ್ನ ಹಣೆಯಲ್ಲಿ ಎಣ್ಣೆ ಬಂತು, ಕೆನ್ನೆಯಲ್ಲಿ ಕಾಗದ ಒಣಗಿಯೇ ಇತ್ತು, ಚರ್ಮ ಬಿಗಿಯುತ್ತಲೂ ಇತ್ತು. ಚರ್ಮ ಸುರಿಸುವ ಜಿಡ್ಡು ಒಂದು ಲೆಕ್ಕ, ಹಿಡಿದಿಟ್ಟುಕೊಳ್ಳುವ ನೀರು ಇನ್ನೊಂದು ಲೆಕ್ಕ. ಎರಡನ್ನೂ ಒಂದೇ ಪದದಲ್ಲಿ ಮುಗಿಸುವುದು ಪೊಟ್ಟಣದ ಮೇಲೆ ಜಾಗ ಸಾಲದವರ ಕೆಲಸ.

ಆದರೂ ಹೆಸರು ಹಿಡಿದು ಕೇಳಿದ್ದೀರಿ, ಹೇಳುತ್ತೇನೆ.

ಬಸವನಹುಳುವಿನ ಎಸೆನ್ಸ್ ಎಂದರೆ ನಿಮ್ಮ ಮನಸ್ಸಿನಲ್ಲಿ ಇರುವುದು ಕಾಸ್‌ಆರ್‌ಎಕ್ಸ್‌ನ ಶೇ 96ರಷ್ಟು ಬಸವನಹುಳುವಿನ ಲೋಳೆ ಇರುವ ಬಾಟಲಿ ಇರಬೇಕು. ಅದರ ಪಟ್ಟಿಯನ್ನು ಓದಿ: ಲೋಳೆಯ ಸೋಸಿದ ದ್ರವ, ಬೀಟೈನ್, ಹೈಲುರೋನೇಟ್, ಪ್ಯಾಂಥೆನಾಲ್, ಅಲಾಂಟೊಯಿನ್. ಎಣ್ಣೆ ಇಲ್ಲ. ಜಿಡ್ಡು ಚರ್ಮದವರು ಅದಕ್ಕೆ ಹೆದರಬೇಕಾದದ್ದೂ ಇಲ್ಲ, ಅದರಿಂದ ಪವಾಡ ನಿರೀಕ್ಷಿಸಬೇಕಾದದ್ದೂ ಇಲ್ಲ. ತೇವ ಹಿಡಿದಿಡುತ್ತದೆ, ಅಷ್ಟೇ. ದಿನವಿಡೀ ಎಸಿಯಲ್ಲಿ ಕೂರುವವರಿಗೆ ಹಿತ, ಸ್ಕೂಟರಿನಲ್ಲಿ ಸುತ್ತುವವರಿಗೆ ಅಂಟು. ದೂಳಿನ ಹುಳದ ಅಲರ್ಜಿ ಇರುವ ಕೆಲವರಿಗೆ ಬಸವನಹುಳು ತಿಂದರೂ ಅಲರ್ಜಿಯಾಗುವುದುಂಟು; ಅಂಥವರು ಹಚ್ಚುವಾಗಲೂ ಮೊದಲು ಕೈಮೇಲೆ ಪರೀಕ್ಷಿಸುವುದು ಒಳ್ಳೆಯದು. (ನಮ್ಮ ಅತ್ತೆಯವರಿಗೆ ಅದರಲ್ಲಿ ಏನಿದೆಯೆಂದು ತಿಳಿದ ದಿನದಿಂದ ಆ ಬಾಟಲಿಗೆ ದೇವರ ಕೋಣೆಯ ಪಕ್ಕದ ಕಪಾಟಿನಲ್ಲಿ ಪ್ರವೇಶವಿಲ್ಲ.)

ಅಕ್ಕಿಯ ಸನ್‌ಸ್ಕ್ರೀನ್, ಅಂದರೆ ಬ್ಯೂಟಿ ಆಫ್ ಜೋಸಿಯನ್ ಸಂಸ್ಥೆಯದ್ದು, ಶೇ 30ರಷ್ಟು ಅಕ್ಕಿಯ ಸಾರ ಇರುವಂಥದ್ದು. ಎಸ್‌ಪಿಎಫ್ 50+, ಪಿಎ ನಾಲ್ಕು ಪ್ಲಸ್, ಅಂದರೆ ಬಿಸಿಲು ತಡೆಯುವ ಅಳತೆಯಲ್ಲಿ ಮೇಲಿನ ಮಟ್ಟ. ನಮ್ಮ ಕಂದು ಮುಖದ ಮೇಲೆ ಸುಣ್ಣ ಬಳಿದಂತೆ ಕಾಣುವುದಿಲ್ಲ, ಅದು ದೊಡ್ಡ ಲಾಭ. ಆದರೆ ಹದ ಕ್ರೀಮಿನದು. ದಾವಣಗೆರೆ, ಕಲಬುರಗಿಯ ಚಳಿಗಾಲಕ್ಕೆ ಸೊಗಸು. ಮಂಗಳೂರಿನ ಮಧ್ಯಾಹ್ನಕ್ಕೆ ಭಾರ. ಅದೇ ಸಂಸ್ಥೆಯ ಅಕ್ವಾ ಫ್ರೆಶ್ ಎಂಬ ಹಗುರ ರೂಪ ಇಲ್ಲಿಗೆ ವಾಸಿ. ಅಕ್ಕಚ್ಚಿನ ಮಹಿಮೆ ಎಂದುಕೊಂಡು ಕೊಳ್ಳಬೇಡಿ, ಬಿಸಿಲು ತಡೆಯುವುದು ಅದರಲ್ಲಿರುವ ರಾಸಾಯನಿಕ ಶೋಧಕಗಳು. ಮತ್ತು ಮುಖ, ಕತ್ತಿಗೆ ಸೇರಿ ಎರಡು ಬೆರಳುದ್ದ ಹಚ್ಚದಿದ್ದರೆ ಡಬ್ಬಿಯ ಮೇಲಿನ 50 ಬರೀ ಅಂಕಿ. ಅಂಕಿಯನ್ನೂ ಕಣ್ಣು ಮುಚ್ಚಿ ನಂಬುವ ಹಾಗಿಲ್ಲ: ಪ್ಯುರಿಟೊ ಸಂಸ್ಥೆಯ ಬಹು ಜನಪ್ರಿಯ ಸೆಂಟೆಲ್ಲಾ ಸನ್‌ಸ್ಕ್ರೀನ್ 50+ ಎಂದು ಮಾರಾಟವಾಗುತ್ತಿತ್ತು, 2020ರ ಕೊನೆಗೆ ಸ್ವತಂತ್ರ ಪರೀಕ್ಷೆಯಲ್ಲಿ ಸುಮಾರು 19 ಎಂದು ಬಂತು, ಸಂಸ್ಥೆ ಮಾರಾಟ ನಿಲ್ಲಿಸಿತು. ಅದುವರೆಗೆ ಅದನ್ನು ಹೊಗಳದ ಚಾನೆಲ್ ಸಿಗುವುದು ಕಷ್ಟವಿತ್ತು.

ಸೆಂಟೆಲ್ಲಾ ನಿಮಗೆ ಹೊಸದಲ್ಲ, ನಿಮ್ಮೂರಿನ ತಿಮರೆ ಚಟ್ನಿಯ ಸೊಪ್ಪೇ ಅದು, ಘಟ್ಟದ ಮೇಲೆ ಒಂದೆಲಗ. ಸ್ಕಿನ್1004ನ ಆಂಪೂಲ್ ನೀರಿನಂತೆ ತೆಳು, ಎಣ್ಣೆಯಿಲ್ಲದ್ದು. ಮೂರರಲ್ಲಿ ಒಂದನ್ನೇ ಆರಿಸು ಎಂದರೆ ನಿಮಗೆ ಇದನ್ನು ಹೇಳುತ್ತೇನೆ, ಆದರೆ ಗುಳ್ಳೆ ಇಳಿದ ಮೇಲೆ. ಹಾಗೆಂದು ಡಬ್ಬಿಯ ಮೇಲೆ ‘ಸಿಕಾ’ (ಸೆಂಟೆಲ್ಲಾಗೆ ಮಾರುಕಟ್ಟೆಯವರ ಹೆಸರು) ಎಂದು ಬರೆದದ್ದೆಲ್ಲ ಸೌಮ್ಯವಲ್ಲ. ಕೆಲವದರಲ್ಲಿ ಲ್ಯಾವೆಂಡರ್, ಕಿತ್ತಳೆ, ಟೀ ಟ್ರೀ ಎಣ್ಣೆಗಳು ಇರುತ್ತವೆ. ಜೇನುಗೂಡಿನ ಅಂಟಾದ ಪ್ರೋಪೊಲಿಸ್ ಕೂಡ ಅಲರ್ಜಿಗೆ ಹೆಸರಾದ ವಸ್ತುವೇ. ಸೂಕ್ಷ್ಮ ಚರ್ಮದವರನ್ನು ಸುಡುವ ಪದಾರ್ಥಗಳಲ್ಲಿ ಎಷ್ಟೋ ‘ನೈಸರ್ಗಿಕ’ವಾದವು.

ಮುಖದ ಬಣ್ಣ ಸಮ ಮಾಡುವ ಕುಶನ್, ಬಿಬಿ ಕ್ರೀಮ್‌ಗಳನ್ನು ಕೇಳಲೇ ಬೇಡಿ. ಹೆಚ್ಚಾಗಿ 21, 23 ಎಂಬ ಎರಡು ಬಿಳಿ ಛಾಯೆಗಳ ಸುತ್ತ ತಯಾರಾಗುವ ವಸ್ತು ನಮ್ಮಲ್ಲಿ ಬಹುಪಾಲು ಜನರಿಗಲ್ಲ.

ಕೈಮೇಲಿನ ಪರೀಕ್ಷೆಯನ್ನು ನಾವು ಹೆಚ್ಚು ಗಂಭೀರವಾಗಿ ತೆಗೆದುಕೊಳ್ಳಬೇಕು, ಏಕೆಂದರೆ ಗೋಧಿ, ಕಂದು ಬಣ್ಣದ ಚರ್ಮದಲ್ಲಿ ಸಣ್ಣ ಉರಿಯೂತವೂ ತಿಂಗಳುಗಟ್ಟಲೆ ಕಲೆಯಾಗಿ ಉಳಿಯುತ್ತದೆ. ಒಳಮೊಣಕೈಯ ಒಂದೇ ಜಾಗಕ್ಕೆ ದಿನಕ್ಕೆರಡು ಸಲ, ಒಂದು ವಾರ ಹಚ್ಚಿ ನೋಡಿ. ಒಮ್ಮೆ ಹಚ್ಚಿ ಮರುದಿನ ನೋಡಿ ‘ಏನೂ ಆಗಲಿಲ್ಲ’ ಎಂದರೆ ಸಾಲದು, ಅಲರ್ಜಿ ತಡವಾಗಿ ಏಳುತ್ತದೆ. ಆದರೆ ನನ್ನ ಯೀಸ್ಟ್ ಗುಳ್ಳೆಗಳನ್ನು ಈ ಪರೀಕ್ಷೆ ಹಿಡಿಯುತ್ತಿರಲಿಲ್ಲ ಎಂಬುದನ್ನೂ ನೆನಪಿಡಿ. ಮೊಣಕೈಯಲ್ಲಿ ಹಣೆಯಷ್ಟು ಜಿಡ್ಡೂ ಇಲ್ಲ, ಕೂದಲಂಚಿನ ಎಣ್ಣೆಯೂ ಇಲ್ಲ. ಅಂತರ್ಜಾಲದಲ್ಲಿ ‘ಫಂಗಲ್ ಆಕ್ನೆ ಸುರಕ್ಷಿತ’, ಅಂದರೆ ಇಂಥ ಯೀಸ್ಟ್ ಗುಳ್ಳೆ ಇರುವವರಿಗೆ ಹೊಂದುತ್ತವೆ ಎನ್ನುವ ಉತ್ಪನ್ನಗಳ ಪಟ್ಟಿಗಳು ಸಿಗುತ್ತವೆ, ಅವನ್ನು ವೇದವೆಂದುಕೊಳ್ಳಬೇಡಿ. ಪ್ರಯೋಗಾಲಯದ ತಟ್ಟೆಯಲ್ಲಿ ಯೀಸ್ಟ್ ತಿಂದದ್ದನ್ನೆಲ್ಲ ಮುಖದ ಮೇಲೂ ತಿನ್ನುತ್ತದೆ ಎಂದೇನಿಲ್ಲ. ದಪ್ಪ ಎಣ್ಣೆ, ಬಾಮ್, ರಾತ್ರಿ ಕ್ರೀಮ್ ಬಿಟ್ಟರೆ ಅರ್ಧ ಕೆಲಸ ಆದಂತೆ.

ಕೊಳ್ಳುವುದಾದರೆ ಆಮದುದಾರರ ವಿಳಾಸ, ನೋಂದಣಿ ಸಂಖ್ಯೆ ಇರುವ ಚೀಟಿ ಅಂಟಿದೆಯೇ ನೋಡಿ. ಕೊರಿಯಾದ ದಿನಾಂಕ ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿರುತ್ತದೆ. ಅದು ತಯಾರಿಕೆಯದೋ ಮುಗಿಯುವುದೋ ಎಂದು ಖಚಿತ ಮಾಡಿಕೊಳ್ಳಿ. ತಯಾರಿಕೆಯ ದಿನಾಂಕವನ್ನು ಅವಧಿ ಮುಗಿದದ್ದೆಂದು ತಿಳಿದು ಹೊಸ ಬಾಟಲಿಯನ್ನು ಕಸಕ್ಕೆ ಎಸೆದವರನ್ನು ನಾನು ಬಲ್ಲೆ.

ಈ ವಾರ ಮಾತ್ರ ಏನನ್ನೂ ಕೊಳ್ಳಬೇಡಿ. ಸೌಮ್ಯವಾದ ಒಂದು ಫೇಸ್‌ವಾಶ್, ಹಗುರವಾದ ಒಂದು ಸನ್‌ಸ್ಕ್ರೀನ್, ಉಳಿದದ್ದೆಲ್ಲ ಕಪಾಟಿನೊಳಗೆ. ಚರ್ಮರೋಗ ತಜ್ಞರ ಬಳಿ ಹೋದಾಗ ಕೆರೆದು ಪರೀಕ್ಷಿಸಬಹುದೇ ಎಂದು ನೀವೇ ಬಾಯಿಬಿಟ್ಟು ಕೇಳಿ. ಹೋಗುವ ಮುಂಚೆ ನನಗೂ ಎರಡು ವಿಷಯ ಬರೆಯಿರಿ: ಗುಳ್ಳೆಗಳು ತುರಿಸುತ್ತವೆಯೇ, ತಲೆಗೆ ಎಣ್ಣೆ ಹಚ್ಚಿಕೊಂಡೇ ರಾತ್ರಿ ಮಲಗುತ್ತೀರಾ?