ಪ್ರಯೋಗದಿಂದ ಪ್ರಬಂಧದವರೆಗೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಸಸ್ಯಶಾಸ್ತ್ರದ ಸ್ನಾತಕೋತ್ತರ ಪ್ರಾಜೆಕ್ಟಿಗಾಗಿ 50 ಗೋಧಿ ಬೀಜಗಳನ್ನು ಬಟ್ಟಿ ಇಳಿಸಿದ ನೀರು ಹಾಕಿದ ಒಂದು ಪೆಟ್ರಿ ತಟ್ಟೆಯಲ್ಲಿಯೂ, 50 ಬೀಜಗಳನ್ನು ಉಪ್ಪುನೀರು ಹಾಕಿದ ಇನ್ನೊಂದು ತಟ್ಟೆಯಲ್ಲಿಯೂ ಇಟ್ಟಿದ್ದೆ. ಐದನೆಯ ದಿನ ಮೊದಲನೆಯದರಲ್ಲಿ 46, ಎರಡನೆಯದರಲ್ಲಿ 31 ಮೊಳೆತಿದ್ದವು. ವ್ಯತ್ಯಾಸ ಇಷ್ಟು ಸ್ಪಷ್ಟವಾಗಿದೆ. ಇದನ್ನು ಜರ್ನಲ್‌ಗೆ ಕಳುಹಿಸಬಹುದೇ?

ಉತ್ತರ: ಈಗಲೇ ಕಳುಹಿಸಬೇಡಿ. ನಿಮ್ಮ ಎಣಿಕೆಯನ್ನು ನಾನು ಅನುಮಾನಿಸುತ್ತಿಲ್ಲ. ಆದರೆ ಉಪ್ಪಿನಿಂದಲೇ ಹೀಗಾಯಿತು ಎನ್ನಲು ಆ ಎಣಿಕೆಯೊಂದೇ ಸಾಲದು. ನಿಮ್ಮಲ್ಲಿ ಬೀಜಗಳು ನೂರಿದ್ದರೂ ತಟ್ಟೆಗಳು ಎರಡೇ. ಉಪ್ಪುನೀರಿನ ತಟ್ಟೆ ಕಿಟಕಿಯ ಹತ್ತಿರವಿದ್ದು ಬೇಗ ಒಣಗಿರಬಹುದು, ಅದರ ಮುಚ್ಚಳ ಸರಿಯಾಗಿ ಕೂತಿರಲಿಕ್ಕಿಲ್ಲ, ಒಂದು ಬೀಜಕ್ಕೆ ಹಿಡಿದ ಬೂಷ್ಟು ಉಳಿದವಕ್ಕೂ ಹರಡಿರಬಹುದು. ಒಂದೇ ತಟ್ಟೆಯಲ್ಲಿರುವ ಐವತ್ತು ಬೀಜಗಳು ಒಂದೇ ಗಾಳಿ, ಒಂದೇ ತೇವ, ಒಂದೇ ಅಪಾಯವನ್ನು ಹಂಚಿಕೊಂಡಿರುವುದರಿಂದ ಅವನ್ನು ಐವತ್ತು ಪ್ರತ್ಯೇಕ ಸಾಕ್ಷಿಗಳೆಂದು ಲೆಕ್ಕ ಹಿಡಿಯಲು ಬರುವುದಿಲ್ಲ. ಹೀಗೆ ಒಂದೇ ಘಟಕವನ್ನು ಹಲವಾಗಿ ಎಣಿಸುವ ತಪ್ಪಿಗೆ ಪರಿಸರ ವಿಜ್ಞಾನಿ ಸ್ಟುವರ್ಟ್ ಹರ್ಲ್‌ಬರ್ಟ್ 1984ರಲ್ಲಿ ಒಂದು ಹೆಸರನ್ನೇ ಕೊಟ್ಟರು: ಸೂಡೋರೆಪ್ಲಿಕೇಶನ್, ಅಂದರೆ ಹುಸಿ ಪುನರಾವರ್ತನೆ. ಜರ್ನಲ್ ಪರವಾಗಿ ಪ್ರಬಂಧವನ್ನು ಓದಿ ತೂಗಿನೋಡುವ ತಜ್ಞರು, ಅಂದರೆ ಪರಿಶೀಲಕರು, ಮೊದಲು ಕೈ ಇಡುವುದು ಇಲ್ಲಿಯೇ.

ಪರಿಹಾರ ಕಷ್ಟದ್ದಲ್ಲ. ಅದೇ ನೂರು ಬೀಜಗಳನ್ನು ಹತ್ತು ತಟ್ಟೆಗಳಿಗೆ ಹತ್ತು ಹತ್ತರಂತೆ ಹಂಚಿ, ಐದಕ್ಕೆ ನೀರು, ಐದಕ್ಕೆ ಉಪ್ಪುನೀರು ಹಾಕಿ; ಯಾವ ತಟ್ಟೆಗೆ ಯಾವುದು, ಯಾವ ತಟ್ಟೆ ಎಲ್ಲಿ ಎಂಬುದನ್ನು ಚೀಟಿ ಎತ್ತಿ ನಿರ್ಧರಿಸಿ. ಆ ಚೀಟಿಯ ಕೆಲಸ ದೊಡ್ಡದು. ಇಂಗ್ಲೆಂಡಿನ ರೋಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರಕ್ಕೆ 1919ರಲ್ಲಿ ಸೇರಿದ ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಶರ್ ಅವರಿಗೆ ಎದುರಾದದ್ದೂ ಇಂಥದ್ದೇ ತೊಡಕು: ಹೊಲದ ಒಂದು ಮೂಲೆಯ ಮಣ್ಣು ಇನ್ನೊಂದು ಮೂಲೆಯ ಮಣ್ಣಿನಂತಿರುವುದಿಲ್ಲವಾದ್ದರಿಂದ, ಇಳುವರಿ ಹೆಚ್ಚಿದ್ದು ಗೊಬ್ಬರದಿಂದಲೋ ಮಣ್ಣಿನಿಂದಲೋ ಎಂದು ಹೇಳಲಾಗುತ್ತಿರಲಿಲ್ಲ. ಯಾವ ತುಂಡಿಗೆ ಯಾವ ಗೊಬ್ಬರ ಎಂಬುದನ್ನು ಅದೃಷ್ಟಕ್ಕೆ ಬಿಟ್ಟುಕೊಟ್ಟರೆ, ನಮಗೆ ಕಾಣುವ ವ್ಯತ್ಯಾಸಗಳಷ್ಟೇ ಅಲ್ಲ, ಕಾಣದಿರುವವೂ ಯಾವ ಪಕ್ಷವನ್ನೂ ವಹಿಸುವುದಿಲ್ಲ ಎಂದು ಅವರು ತೋರಿಸಿಕೊಟ್ಟರು.

ಇನ್ನೂ ಒಂದು ಮಾತು. ಬೀಜ ಮೊಳೆಯಿತು ಎಂದರೆ ಏನು? ಬೇರು 2 ಮಿ.ಮೀ. ಹೊರಬಂದರೆ ಸಾಕೇ, ಸಿಪ್ಪೆ ಬಿರಿದರೂ ಆಯಿತೇ? ಎಣಿಸುವುದು ಐದನೆಯ ದಿನವೋ ಏಳನೆಯ ದಿನವೋ? ಇವನ್ನೆಲ್ಲ ಬೀಜ ನೆನೆಸುವ ಮೊದಲೇ ದಿನಾಂಕ ಹಾಕಿ ಬರೆದಿಟ್ಟುಕೊಳ್ಳಿ. ಫಲಿತಾಂಶ ಕಂಡಮೇಲೆ ನಿಯಮ ಮಾಡಹೊರಟರೆ, ಎಷ್ಟೇ ಪ್ರಾಮಾಣಿಕರಾದರೂ ನಮ್ಮ ಕೈ ನಮಗೆ ಬೇಕಾದ ಕಡೆಗೆ ವಾಲುತ್ತದೆ. ಸಾಧ್ಯವಾದರೆ ಯಾವ ತಟ್ಟೆಯಲ್ಲಿ ಉಪ್ಪಿದೆ ಎಂದು ತಿಳಿಯದ ಗೆಳತಿಯೊಬ್ಬರಿಂದ ಎಣಿಸಿ. ಹಾಗೆಯೇ ‘ಉಪ್ಪುನೀರು’ ಎಂದಷ್ಟೇ ಬರೆದು ಬಿಡಬೇಡಿ. 5.84 ಗ್ರಾಂ ಸೋಡಿಯಂ ಕ್ಲೋರೈಡನ್ನು ಬಟ್ಟಿ ಇಳಿಸಿದ ನೀರಿನಲ್ಲಿ ಕರಗಿಸಿ, ಒಟ್ಟು ಒಂದು ಲೀಟರ್ ಆಗುವಂತೆ ಮಾಡಿದ 100 ಮಿಲಿಮೋಲಾರ್ ದ್ರಾವಣ ಎಂದು ಬರೆದರೆ, ನಿಮ್ಮನ್ನು ಎಂದೂ ಕಾಣದ ಒಬ್ಬರು ಎಲ್ಲಿಯೇ ಆಗಲಿ ಅದನ್ನೇ ತಯಾರಿಸಬಲ್ಲರು. ಅವರು ಮಾಡಿ ನೋಡಲಿ ಎಂದೇ ಅಲ್ಲವೇ ನಾವು ಪ್ರಬಂಧ ಬರೆಯುವುದು?

ಪ್ರಶ್ನೆ: ಹನ್ನೆರಡು ಅಳತೆಗಳಲ್ಲಿ ಹನ್ನೊಂದು ಹತ್ತಿರ ಹತ್ತಿರ ಬಂದಿವೆ, ಒಂದು ಮಾತ್ರ ಬಹಳ ದೂರ ಹೋಗಿದೆ. ಅದನ್ನು ಕೈಬಿಟ್ಟರೆ ತಪ್ಪೇ?

ಉತ್ತರ: ಹೊಂದಲಿಲ್ಲ ಎಂಬ ಒಂದೇ ಕಾರಣಕ್ಕೆ ಕೈಬಿಟ್ಟರೆ ತಪ್ಪು. ನಿಮ್ಮ ನೋಟ್‌ಬುಕ್ಕಿನಲ್ಲಿ ಆ ಹೊತ್ತಿನ ಪುಟವನ್ನು ತೆರೆದು ನೋಡಿ: ತಕ್ಕಡಿಯನ್ನು ಸೊನ್ನೆಗೆ ತಂದಿರಲಿಲ್ಲ, ಕರೆಂಟು ಹೋಗಿತ್ತು ಎಂಬಂಥ ಕಾರಣ ಅಲ್ಲಿಯೇ ದಾಖಲಾಗಿದ್ದರೆ ಆ ಕಾರಣವನ್ನು ಹೇಳಿ ಅಳತೆಯನ್ನು ಕೈಬಿಡಬಹುದು. ಆಗಲೂ ಆ ಅಂಕಿಯ ಮೇಲೆ ಒಂದೇ ಗೆರೆ ಎಳೆಯಿರಿ, ಕೆಳಗಿನ ಅಂಕಿ ಓದಲು ಬರುವಂತಿರಲಿ. ಪಕ್ಕದಲ್ಲಿ ಕಾರಣ, ದಿನಾಂಕ, ನಿಮ್ಮ ಸಹಿ ಇರಲಿ. ಬಿಳಿ ಶಾಯಿ ಬಳಿದ ಅಥವಾ ಹಾಳೆ ಹರಿದ ನೋಟ್‌ಬುಕ್ಕನ್ನು ಯಾರೂ ನಂಬುವುದಿಲ್ಲ, ನಂಬಲೂಬಾರದು. ಕಾರಣ ಸಿಗದಿದ್ದರೆ ಆ ಅಳತೆಯನ್ನು ಸೇರಿಸಿಯೂ ಬಿಟ್ಟೂ ಲೆಕ್ಕ ಮಾಡಿ, ಎರಡನ್ನೂ ಪ್ರಬಂಧದಲ್ಲಿ ಕೊಡಿ.

2011ರಲ್ಲಿ ಒಪೆರಾ ಪ್ರಯೋಗದ ವಿಜ್ಞಾನಿಗಳಿಗೆ ನ್ಯೂಟ್ರಿನೊಗಳೆಂಬ ಅತಿಸೂಕ್ಷ್ಮ ಕಣಗಳು, ಬೆಳಕನ್ನು ಯಾವುದೂ ಮೀರಿಸಲಾರದು ಎಂಬ ನಿಯಮಕ್ಕೆ ವಿರುದ್ಧವಾಗಿ, ಬೆಳಕಿಗಿಂತ ಸುಮಾರು 60 ನ್ಯಾನೊಸೆಕೆಂಡ್ ಮೊದಲೇ ಬಂದು ತಲುಪಿದಂತೆ ಕಂಡಿತು. ತಿಂಗಳುಗಟ್ಟಲೆ ಹುಡುಕಿದರೂ ತಪ್ಪು ಸಿಗದಿದ್ದಾಗ ಅವರು ಅಳತೆಯನ್ನು ಮುಚ್ಚಿಡದೆ, ದೋಷವಿದ್ದರೆ ಹುಡುಕಿಕೊಡಿ ಎಂದು ಎಲ್ಲರ ಮುಂದಿಟ್ಟರು. ಮರುವರ್ಷ ಆಪ್ಟಿಕಲ್ ಫೈಬರ್ ಕೇಬಲ್ಲಿನ ಒಂದು ಜೋಡಣೆ ಸಡಿಲವಾಗಿದ್ದುದರಿಂದ ಅಳತೆ ತಪ್ಪಿತ್ತೆಂದು ಗೊತ್ತಾಯಿತು. ಅಷ್ಟು ದೊಡ್ಡ ತಂಡ ಜಗತ್ತಿನೆದುರು ಹಾಗೆ ನಿಂತುಕೊಂಡದ್ದನ್ನು ನಾನು ಇಂದಿಗೂ ಗೌರವದಿಂದ ನೆನೆಯುತ್ತೇನೆ.

ಪ್ರಶ್ನೆ: ಪ್ರಬಂಧವನ್ನು ಎಲ್ಲಿಂದ ಬರೆಯಲು ತೊಡಗಬೇಕು?

ಉತ್ತರ: ಕೋಷ್ಟಕ ಮತ್ತು ಚಿತ್ರಗಳಿಂದ. ಅವು ಸಿದ್ಧವಾದ ಮೇಲೆ ವಿಧಾನ, ಫಲಿತಾಂಶ, ಚರ್ಚೆ, ಪೀಠಿಕೆ ಈ ಕ್ರಮದಲ್ಲಿ ಸಾಗಿ, ಸಾರಾಂಶವನ್ನು ಕಡೆಗೆ ಬರೆಯಿರಿ. ವಿಧಾನದ ಭಾಗವನ್ನಂತೂ ಪ್ರಯೋಗ ನಡೆಯುತ್ತಿರುವಾಗಲೇ ಬರೆದುಬಿಡುವುದು ಒಳ್ಳೆಯದು.

ಪ್ರಶ್ನೆ: ಇಬ್ಬರು ಪರಿಶೀಲಕರಿಂದ ಹದಿನಾಲ್ಕು ಆಕ್ಷೇಪಗಳು ಬಂದಿವೆ. ಒಬ್ಬರಿಗೆ ನನ್ನ ವಾದವೇ ಅರ್ಥವಾಗಿಲ್ಲ. ಬೇರೆ ಜರ್ನಲ್‌ಗೆ ಕಳುಹಿಸಲೇ?

ಉತ್ತರ: ಎರಡು ದಿನ ಆ ಪತ್ರವನ್ನು ಮುಟ್ಟಬೇಡಿ, ಆಮೇಲೆ ಓದಿ. ಪರಿಷ್ಕರಿಸಿ ಕಳುಹಿಸಿ ಎಂದು ಸಂಪಾದಕರು ಕೇಳಿದ್ದರೆ ಬಾಗಿಲು ತೆರೆದಿದೆ ಎಂದೇ ಅರ್ಥ. ಪ್ರತಿಯೊಂದು ಆಕ್ಷೇಪವನ್ನೂ ಇದ್ದಂತೆಯೇ ಬರೆದು, ಅದರ ಕೆಳಗೆ ನೀವು ಏನು ಬದಲಿಸಿದಿರಿ, ಯಾವ ಪುಟದ ಯಾವ ಸಾಲಿನಲ್ಲಿ ಎಂದು ತಿಳಿಸಿ. ಒಪ್ಪದಿದ್ದರೆ ಏಕೆ ಒಪ್ಪುವುದಿಲ್ಲ ಎಂಬುದನ್ನು ಸೌಜನ್ಯದಿಂದ, ಆಧಾರಸಹಿತ ಹೇಳಿ. ಅರ್ಥವಾಗಿಲ್ಲ ಎನ್ನುತ್ತೀರಲ್ಲ, ಆ ಪರಿಶೀಲಕರಂಥ ಓದುಗರು ಮುಂದೆಯೂ ಬರುತ್ತಾರೆ. ಅವರಿಗಾಗಿ ಆ ಭಾಗವನ್ನು ತಿದ್ದಿ ಬರೆಯಿರಿ. ನನ್ನ ಒಂದು ಪ್ರಬಂಧಕ್ಕೆ ಬಂದ ಟಿಪ್ಪಣಿಯಲ್ಲಿ ‘ತಾಪಮಾನ ಎಷ್ಟಿತ್ತು?’ ಎಂಬ ಎರಡೇ ಪದಗಳಿದ್ದವು. ಹಸ್ತಪ್ರತಿಯನ್ನೆಲ್ಲ ಹುಡುಕಿದೆ, ಆ ಸಂಖ್ಯೆ ನನ್ನ ನೋಟ್‌ಬುಕ್ಕಿನ ಪ್ರತಿ ಪುಟದಲ್ಲಿಯೂ ಇದ್ದು, ಪ್ರಬಂಧದಲ್ಲಿ ಮಾತ್ರ ಇರಲಿಲ್ಲ.

1936ರಲ್ಲಿ ಐನ್‌ಸ್ಟೈನ್ ಮತ್ತು ನೇಥನ್ ರೋಸನ್ ಗುರುತ್ವ ಅಲೆಗಳು, ಅಂದರೆ ದೇಶ-ಕಾಲದಲ್ಲಿ ಏಳುವ ತರಂಗಗಳು, ಇಲ್ಲ ಎಂದು ವಾದಿಸುವ ಪ್ರಬಂಧವೊಂದನ್ನು ‘ಫಿಸಿಕಲ್ ರಿವ್ಯೂ’ ಜರ್ನಲ್‌ಗೆ ಕಳುಹಿಸಿದ್ದರು. ಅದನ್ನು ಪರಿಶೀಲಕರೊಬ್ಬರಿಗೆ ತೋರಿಸಿ ಅವರ ಆಕ್ಷೇಪಗಳನ್ನು ಸಂಪಾದಕರು ಕಳುಹಿಸಿದಾಗ ಐನ್‌ಸ್ಟೈನ್ ಸಿಟ್ಟಾಗಿ ಪ್ರಬಂಧವನ್ನೇ ಹಿಂದಕ್ಕೆ ಪಡೆದರು. ಆದರೆ ಪರಿಶೀಲಕರು ಹೇಳಿದ್ದು ಸರಿಯಾಗಿತ್ತು; 1937ರಲ್ಲಿ ಬೇರೊಂದು ಪತ್ರಿಕೆಯಲ್ಲಿ ಅದು ಅಚ್ಚಾಗುವ ಹೊತ್ತಿಗೆ ತೀರ್ಮಾನವೇ ಬದಲಾಗಿತ್ತು. ಗುರುತ್ವ ಅಲೆಗಳು 2015ರಲ್ಲಿ ಉಪಕರಣಕ್ಕೆ ನೇರವಾಗಿ ಸಿಕ್ಕವು.

ಪ್ರಶ್ನೆ: ಪ್ರಯೋಗಾಲಯ ಒದಗಿಸಿದವರು ತಮ್ಮ ಹೆಸರನ್ನೂ ಲೇಖಕರ ಸಾಲಿಗೆ ಸೇರಿಸಲು ಹೇಳುತ್ತಿದ್ದಾರೆ.

ಉತ್ತರ: ವೈದ್ಯಕೀಯ ಪತ್ರಿಕಾ ಸಂಪಾದಕರ ಅಂತರರಾಷ್ಟ್ರೀಯ ಸಮಿತಿಯ ಮಾನದಂಡ ನಾಲ್ಕು ಅಂಶಗಳದ್ದು: ಕೆಲಸದ ಯೋಜನೆಯಲ್ಲಿ ಅಥವಾ ದತ್ತಾಂಶದಲ್ಲಿ ಗಣನೀಯ ಪಾಲು, ಬರವಣಿಗೆಯಲ್ಲಿ ಅಥವಾ ಅದರ ವಿಮರ್ಶಾತ್ಮಕ ತಿದ್ದುಪಡಿಯಲ್ಲಿ ಪಾಲು, ಅಂತಿಮ ಪ್ರತಿಗೆ ಒಪ್ಪಿಗೆ, ಮತ್ತು ಇಡೀ ಕೆಲಸಕ್ಕೆ ಹೊಣೆ. ನಾಲ್ಕೂ ಇದ್ದರೆ ಮಾತ್ರ ಲೇಖಕರು. ಸ್ಥಳ, ಉಪಕರಣ, ಹಣ ಒದಗಿಸಿದವರಿಗೆ ಕೃತಜ್ಞತೆಯ ಭಾಗವಿದೆ. ಹಿರಿಯರಿಗೆ ಇದನ್ನು ಹೇಳುವುದು ಎಷ್ಟು ಕಷ್ಟ ಎಂಬುದನ್ನು ಬಲ್ಲೆ. ಆದ್ದರಿಂದ ಹೆಸರುಗಳ ಮಾತನ್ನು ಪ್ರಯೋಗ ತೊಡಗುವ ಮೊದಲೇ ಆಡಿ, ಬರೆದಿಟ್ಟುಕೊಳ್ಳಿ.

ಪ್ರಶ್ನೆ: ಐದು ದಿನಗಳಲ್ಲಿ ಪ್ರಕಟಿಸುತ್ತೇವೆ, ಶುಲ್ಕ ಕಟ್ಟಿ ಎಂಬ ಇಮೇಲ್ ಬಂದಿದೆ. ನಂಬಬಹುದೇ?

ಉತ್ತರ: ಶುಲ್ಕ ಕೇಳುವುದೇ ವಂಚನೆಯಲ್ಲ, ಓದುಗರಿಗೆ ಉಚಿತವಾಗಿ ಒದಗಿಸುವ ಅನೇಕ ಒಳ್ಳೆಯ ಪತ್ರಿಕೆಗಳು ಲೇಖಕರಿಂದ ಹಣ ಪಡೆಯುತ್ತವೆ. ಆದರೆ ಐದು ದಿನಗಳಲ್ಲಿ ಇಬ್ಬರು ತಜ್ಞರು ಓದಿ, ನೀವು ತಿದ್ದಿ, ಅವರು ಮತ್ತೆ ನೋಡಿ ಒಪ್ಪುವುದು ಆಗದ ಮಾತು. ಆ ಪತ್ರಿಕೆಯ ಹಳೆಯ ಸಂಚಿಕೆಯಿಂದ ನಿಮ್ಮ ವಿಷಯದ ಎರಡು ಪ್ರಬಂಧಗಳನ್ನು ಓದಿ, ಸಂಪಾದಕ ಮಂಡಳಿಯಲ್ಲಿರುವವರು ತಮ್ಮ ಸ್ವಂತ ಪುಟಗಳಲ್ಲಿ ಅದನ್ನು ಹೇಳಿಕೊಂಡಿದ್ದಾರೆಯೇ ನೋಡಿ. ಬೇಗ ಎಲ್ಲರಿಗೂ ತಲುಪಬೇಕೆಂಬುದೇ ನಿಮ್ಮ ಆತುರವಾದರೆ ಜರ್ನಲ್‌ನಲ್ಲಿ ಅಚ್ಚಾಗುವ ಮೊದಲೇ ಪ್ರಬಂಧವನ್ನು ಎಲ್ಲರಿಗೂ ತೆರೆದಿಡುವ ಪ್ರಿಪ್ರಿಂಟ್ ಸಂಗ್ರಹಗಳಿವೆ. 1991ರಲ್ಲಿ ಭೌತವಿಜ್ಞಾನಿಗಳಿಗಾಗಿ ತೊಡಗಿದ ಆರ್ಕೈವ್ (arXiv) ಅವುಗಳಲ್ಲಿ ಹೆಸರುವಾಸಿಯಾದುದು. ಅಲ್ಲಿ ತಜ್ಞರ ಪರಿಶೀಲನೆ ನಡೆದಿರುವುದಿಲ್ಲವೆಂಬುದು ನೆನಪಿರಲಿ, ಮತ್ತು ನೀವು ಆರಿಸಿದ ಜರ್ನಲ್ ಅದಕ್ಕೆ ಒಪ್ಪುತ್ತದೆಯೇ ಎಂದು ಮೊದಲೇ ನೋಡಿಕೊಳ್ಳಿ. ಈಗಾಗಲೇ ಹಸ್ತಪ್ರತಿಯನ್ನು ಅವರಿಗೆ ಕಳುಹಿಸಿಬಿಟ್ಟಿದ್ದರೆ, ಹಿಂತೆಗೆದುಕೊಂಡಿದ್ದೇನೆ ಎಂದು ಲಿಖಿತವಾಗಿ ತಿಳಿಸಿ ಅವರ ಉತ್ತರ ಬರುವವರೆಗೆ ಬೇರೆ ಕಡೆಗೆ ಕಳುಹಿಸಬೇಡಿ; ಒಂದೇ ಪ್ರಬಂಧ ಏಕಕಾಲಕ್ಕೆ ಎರಡು ಪತ್ರಿಕೆಗಳ ಮುಂದೆ ಇರಕೂಡದು.