ರ‍್ಯಾಲಿಗೆ ದುಡ್ಡು ಎಲ್ಲಿಂದ ಬರುತ್ತದೆ?

ಈ ಸಲ ಬಂದ ಪ್ರಶ್ನೆಗಳೆಲ್ಲ ದುಡ್ಡಿನವೇ. ಒಳ್ಳೆಯದೇ ಆಯಿತು. ನಾನು ರ‍್ಯಾಲಿ ತಂಡಗಳಲ್ಲಿ ಸ್ಟೇರಿಂಗ್ ಹಿಡಿದವನಲ್ಲ. ಕಾರು ರಿಪೇರಿ ಮಾಡುವ ಸರ್ವಿಸ್ ಪಾರ್ಕಿನ ಮೂಲೆಯಲ್ಲಿ ಕುರ್ಚಿ ಹಾಕಿಕೊಂಡು ಬಿಲ್ ಜೋಡಿಸಿದವನು.

ಪ್ರಶ್ನೆ: ನನಗೆ 24 ವರ್ಷ. ಎರಡು ವರ್ಷದಿಂದ ಆಟೋಕ್ರಾಸ್ ಓಡಿಸುತ್ತಿದ್ದೇನೆ. ಮುಂದಿನ ವರ್ಷ ರಾಷ್ಟ್ರೀಯ ರ‍್ಯಾಲಿ ಚಾಂಪಿಯನ್‌ಶಿಪ್‌ನ ಪೂರ್ತಿ ಸೀಸನ್ ಓಡಬೇಕೆಂಬ ಆಸೆ. ಅಪ್ಪ ಒಂದು ಹಳೇ ರ‍್ಯಾಲಿ ಕಾರು ಕೊಡಿಸಲು ಒಪ್ಪಿದ್ದಾರೆ. ಉಳಿದ ದುಡ್ಡನ್ನು ಬೇರೆಯವರು ಹೇಗೆ ಹೊಂದಿಸುತ್ತಾರೆ?
– ಓದುಗರೊಬ್ಬರು, ಸಕಲೇಶಪುರ

ಉತ್ತರ: 'ಉಳಿದ ದುಡ್ಡು' ಅಂತ ಬರೆದಿದ್ದೀರಿ. ಆ ಉಳಿದದ್ದೇ ದೊಡ್ಡದು. ಕಾರು ಒಂದು ಸಲ ಕೊಂಡರೆ ಮುಗಿಯಿತು. ಆಮೇಲೆ ಪ್ರತಿ ರ‍್ಯಾಲಿಗೂ ಎಂಟ್ರಿ ಫೀ, ಟಯರ್, ಪೆಟ್ರೋಲ್, ಕಾರು ಸಾಗಿಸುವ ಲಾರಿ, ಮೆಕ್ಯಾನಿಕ್‌ಗಳ ಸಂಬಳ, ಅಷ್ಟೂ ಜನರ ಊಟ ಮತ್ತು ರೂಮು. ಜೊತೆಗೆ ರೆಕ್ಕಿ. ರ‍್ಯಾಲಿಗೆ ಮುಂಚೆಯೇ ಹೋಗಿ, ಬೇರೆ ಗಾಡಿಯಲ್ಲಿ ಸ್ಟೇಜ್ (ಗಡಿಯಾರ ಹಿಡಿದು ಓಡಿಸುವ ರಸ್ತೆ) ನೋಡಿ, ಪೇಸ್ ನೋಟ್ಸ್ ಅಂದರೆ ತಿರುವುಗಳ ಟಿಪ್ಪಣಿ ಬರೆಯಬೇಕಲ್ಲ, ಅದಕ್ಕೂ ಗಾಡಿ, ಪೆಟ್ರೋಲ್, ರೂಮು ಬೇಕು. ರ‍್ಯಾಲಿ ನಿಮ್ಮ ಕಡೆಯೇ ಚಿಕ್ಕಮಗಳೂರಿನಲ್ಲಿ ನಡೆದರೆ ಪರವಾಗಿಲ್ಲ. ಮುಂದಿನದು ಅರುಣಾಚಲ ಪ್ರದೇಶದಲ್ಲಿ ಅಂದರೆ ಲಾರಿ ಬಾಡಿಗೆ ನೋಡಿಯೇ ಕೆಲವರು ಮನೆಯಲ್ಲಿ ಉಳಿಯುತ್ತಾರೆ.

ಹಳೇ ಕಾರು ಅಂದಿರಲ್ಲ, ಅದಕ್ಕೊಂದು ಮಾತು. ಎಂಜಿನ್ ಸದ್ದು ಕೇಳುವ ಮುಂಚೆ ಬೆಲ್ಟಿನ ಮೇಲಿನ ಚೀಟಿ ಓದಿ. ಜಾಗತಿಕ ಮೋಟಾರ್ ಸ್ಪೋರ್ಟ್ ಸಂಸ್ಥೆ ಎಫ್‌ಐಎಯ ಮಾನ್ಯತೆ ಇರುವ ಸೀಟ್ ಬೆಲ್ಟಿಗೆ 5 ವರ್ಷದ ಆಯಸ್ಸು. ಸಾಮಾನ್ಯ ದರ್ಜೆಯ ರೇಸಿಂಗ್ ಸೀಟಿಗೂ ಅಷ್ಟೇ. ತಾರೀಖು ದಾಟಿದ್ದರೆ ಸ್ಕ್ರೂಟಿನಿಯಲ್ಲಿ, ಅಂದರೆ ಓಟಕ್ಕೆ ಮುಂಚಿನ ಕಾರು ತಪಾಸಣೆಯಲ್ಲಿ, ತಕರಾರು ಬರುತ್ತದೆ. ಕಾರು ಅಗ್ಗಕ್ಕೆ ಬಿಡುವವನಿಗೆ ಈ ವಿಷಯ ಚೆನ್ನಾಗಿಯೇ ಗೊತ್ತಿರುತ್ತದೆ.

ಇನ್ಶೂರೆನ್ಸ್ ನಂಬಿಕೊಂಡು ಕೂರಬೇಡಿ. ನಮ್ಮಲ್ಲಿ ಮಾಮೂಲಿ ಕಾರ್ ಪಾಲಿಸಿ ತೆಗೆದು ನೋಡಿ. ಸಂಘಟಿತ ರೇಸಿಂಗ್, ವೇಗದ ಪರೀಕ್ಷೆ ಇವಕ್ಕೆ ಪಾಲಿಸಿ ಅನ್ವಯಿಸುವುದಿಲ್ಲ ಅಂತ ಅಚ್ಚು ಹಾಕಿರುತ್ತಾರೆ. ಸ್ಟೇಜ್‌ನಲ್ಲಿ ಕಾಫಿ ತೋಟದ ಬೇಲಿಗೆ ಗುದ್ದಿದರೆ ರಿಪೇರಿ ನಿಮ್ಮ ಜೇಬಿನದೇ.

ಈಗ ನಿಮ್ಮ ಪ್ರಶ್ನೆ. ಬಹಳ ಜನ ಸ್ವಂತ ದುಡ್ಡಲ್ಲೇ ಓಡಿಸುತ್ತಾರೆ. ಸ್ಟಿಕ್ಕರ್ ತುಂಬಿದ ಕಾರು ನೋಡಿ ಮೋಸ ಹೋಗಬೇಡಿ. ಅದರಲ್ಲಿ ಅರ್ಧ ಹೆಸರುಗಳು ಡ್ರೈವರ್‌ನ ಮನೆಯ ವ್ಯಾಪಾರದ್ದು, ಭಾವನ ಗ್ಯಾರೇಜಿನದ್ದು, ಗೆಳೆಯನ ಹೋಟೆಲಿನದ್ದು. ತೋಟ, ಟ್ರಾನ್ಸ್‌ಪೋರ್ಟ್, ಪೆಟ್ರೋಲ್ ಬಂಕ್ ಇರುವ ಮನೆಗಳಿಂದ ಡ್ರೈವರ್‌ಗಳು ಜಾಸ್ತಿ ಬರುವುದು ಸುಮ್ನೆ ಅಲ್ಲ.

ಎರಡನೆಯ ದಾರಿ ಬಾಡಿಗೆ ಕಾರು. ಕಾರನ್ನು ಸ್ಪರ್ಧೆಗೆ ಸಜ್ಜುಮಾಡುವ ಕೆಲವು ಟ್ಯೂನರ್‌ಗಳು ಮತ್ತು ತಂಡಗಳು ರೆಡಿ ಕಾರು, ಮೆಕ್ಯಾನಿಕ್, ಸ್ಪೇರ್ಸ್ ಎಲ್ಲ ಕೊಡುತ್ತವೆ. ನೀವು ಹೆಲ್ಮೆಟ್, ಸೂಟ್ ಹಿಡಿದುಕೊಂಡು ಬಂದರಾಯಿತು. ಒಂದೇ ಸಲಕ್ಕೆ ಕೇಳಿದರೆ ಬಾಡಿಗೆ ಜಾಸ್ತಿ ಅನ್ನಿಸುತ್ತದೆ. ವರ್ಷದ ಲೆಕ್ಕ ಹಾಕಿದರೆ, ಎರಡು ಮೂರು ರ‍್ಯಾಲಿ ಮಾತ್ರ ಓಡುವವರಿಗೆ ಸ್ವಂತ ಕಾರಿಗಿಂತ ಇದೇ ಎಷ್ಟೋ ಸಲ ಅಗ್ಗ. ಒಂದೇ ಎಚ್ಚರಿಕೆ: ಡ್ಯಾಮೇಜ್ ಆದರೆ ನೀವು ಕೊಡಬೇಕಾದ ಮೊತ್ತಕ್ಕೆ ಮಿತಿ ಎಷ್ಟು ಅಂತ ಮೊದಲೇ ಬರೆಸಿಕೊಳ್ಳಿ. 'ಆಮೇಲೆ ನೋಡೋಣ ಬಿಡಿ' ಅಂದವರ ಕಾರು ಹತ್ತಬೇಡಿ.

ಮೂರನೆಯದು ಎಲ್ಲರೂ ಕನಸು ಕಾಣುವ ಕಂಪನಿ ತಂಡ. ಗೌರವ್ ಗಿಲ್ 2013, 2016, 2017ರಲ್ಲಿ ಏಷ್ಯಾ-ಪೆಸಿಫಿಕ್ ಚಾಂಪಿಯನ್ ಆಗಿದ್ದು ಎಂಆರ್‌ಎಫ್ ತಂಡದ ಸ್ಕೋಡಾದಲ್ಲಿ. ದೇಶದೊಳಗೆ ಮಹೀಂದ್ರಾದ ಎಕ್ಸ್‌ಯುವಿ500 ಓಡಿಸಿದರು. 2019ರಲ್ಲಿ ಅರ್ಜುನ ಪ್ರಶಸ್ತಿಯೂ ಬಂತು. ಆದರೆ ಅಂಥ ಸೀಟುಗಳು ಬೆರಳೆಣಿಕೆಯವು. ಕಂಪನಿಯ ಮನಸ್ಸು ಬದಲಾದರೆ ಅವೂ ಇರುವುದಿಲ್ಲ. ರೇಡ್ ದೆ ಹಿಮಾಲಯ, ಡೆಸರ್ಟ್ ಸ್ಟಾರ್ಮ್, ದಕ್ಷಿಣ್ ಡೇರ್ ರ‍್ಯಾಲಿಗಳಿಗೆ ವರ್ಷಗಟ್ಟಲೆ ಹೆಸರು ಕೊಟ್ಟಿದ್ದ ಮಾರುತಿ ಸುಜುಕಿ 2019ರಲ್ಲಿ ಮೋಟಾರ್ ಸ್ಪೋರ್ಟ್‌ನಿಂದಲೇ ಹಿಂದೆ ಸರಿಯಿತು. ಅದನ್ನು ನೆಚ್ಚಿಕೊಂಡಿದ್ದವರೆಲ್ಲ ಬೇರೆ ಬಾಗಿಲು ಹುಡುಕಬೇಕಾಯಿತು.

ಗೆದ್ದ ದುಡ್ಡಿನಲ್ಲೇ ಮುಂದಿನ ರ‍್ಯಾಲಿ ಓಡಿಸುತ್ತೇನೆ ಅನ್ನುವ ಲೆಕ್ಕ ಬೇಡ. ಅದು ಬಂದಾಗ ಟಯರ್ ಅಂಗಡಿಯ ಹಳೇ ಬಾಕಿಗೆ ಹೋಗುತ್ತದೆ.

ನಿಮ್ಮ ಜಾಗದಲ್ಲಿ ನಾನಿದ್ದರೆ ಹೀಗೆ ಮಾಡುತ್ತಿದ್ದೆ. ಕೈಯಲ್ಲಿರುವ ದುಡ್ಡನ್ನು ನಾಲ್ಕು ಪಾಲು ಮಾಡಿ, ಒಂದು ಪಾಲನ್ನು ಅಪಘಾತಕ್ಕೆ ಅಂತ ಎತ್ತಿಡುತ್ತಿದ್ದೆ. ಉಳಿದ ಮೂರು ಪಾಲಿನಲ್ಲಿ ಎಷ್ಟು ರ‍್ಯಾಲಿ ಆಗುತ್ತದೋ ಅಷ್ಟಕ್ಕೆ ಮಾತ್ರ ಎಂಟ್ರಿ. ಪೂರ್ತಿ ಸೀಸನ್ ಅಂತ ಹಟ ಹಿಡಿದು, ಎರಡನೇ ರ‍್ಯಾಲಿಯಲ್ಲಿ ಕಾರು ಮಗುಚಿ, ವರ್ಷವಿಡೀ ಗ್ಯಾರೇಜಿನಲ್ಲಿ ಅದನ್ನು ನೋಡುತ್ತ ಕೂತವರು ನನಗೆ ಮೂರ್ನಾಲ್ಕು ಜನ ಗೊತ್ತು.

ಪ್ರಶ್ನೆ: ನಲವತ್ತು ಕಂಪನಿಗಳಿಗೆ ಸ್ಪಾನ್ಸರ್‌ಶಿಪ್ ಕೇಳಿ ಮೇಲ್ ಹಾಕಿದೆ. ಒಂದಕ್ಕೂ ಉತ್ತರ ಇಲ್ಲ. ಸಿಎಸ್‌ಆರ್ ಹಣದಲ್ಲಿ ಕ್ರೀಡೆಗೆ ಕೊಡಬಹುದು ಅಂತ ಕೇಳಿದ್ದೇನೆ. ಅದನ್ನು ಹೇಗೆ ಕೇಳುವುದು?
– ಓದುಗರೊಬ್ಬರು, ಮಂಗಳೂರು

ಉತ್ತರ: ಸಿಎಸ್‌ಆರ್ ಅಂದರೆ ಕಂಪನಿಗಳು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕಾದ ಹಣ. ಆ ವಿಷಯ ಮೊದಲು ಮುಗಿಸೋಣ. 2013ರ ಕಂಪನಿ ಕಾಯ್ದೆಯ ಏಳನೇ ಪಟ್ಟಿಯಲ್ಲಿ ಕ್ರೀಡಾ ತರಬೇತಿ ಇರುವುದು ನಿಜ. ಆದರೆ ಸ್ವಂತ ಸರಕಿನ ಪ್ರಚಾರಕ್ಕೆ ಅಂತ ಕಂಪನಿ ಕೊಡುವ ಸ್ಪಾನ್ಸರ್‌ಶಿಪ್ ಸಿಎಸ್‌ಆರ್ ಲೆಕ್ಕಕ್ಕೆ ಬರುವುದಿಲ್ಲ ಅಂತ ನಿಯಮದಲ್ಲೇ ಇದೆ. ಕಾರಿನ ಬಾಗಿಲ ಮೇಲೆ ಅವರ ಲೋಗೊ ಹಾಕುತ್ತೇನೆ, ಸಿಎಸ್‌ಆರ್‌ನಲ್ಲಿ ತೋರಿಸಿಕೊಳ್ಳಿ ಅಂತ ನೀವು ಬರೆದರೆ, ಕಂಪನಿಯ ಕಾನೂನು ವಿಭಾಗದವರು ಅಲ್ಲೇ ನಗುತ್ತಾರೆ. ನಿಮಗೆ ಬೇಕಿರುವುದು ಮಾರ್ಕೆಟಿಂಗ್ ಬಜೆಟ್‌ನ ದುಡ್ಡು. ಆ ಕುರ್ಚಿಯಲ್ಲಿ ಕೂತವರನ್ನೇ ಹುಡುಕಿ.

ಮೇಲ್ ಹೇಗಿತ್ತು ಅಂತ ನೀವು ಹೇಳಿಲ್ಲ. ನಾನು ಊಹಿಸುತ್ತೇನೆ. ಚಿಕ್ಕಂದಿನಿಂದ ಕಾರಿನ ಹುಚ್ಚು, ಇಷ್ಟು ಟ್ರೋಫಿ, ದೇಶಕ್ಕೆ ಹೆಸರು ತರುವ ಆಸೆ, ಕೊನೆಗೆ ಬೇಕಾದ ಮೊತ್ತ. ಹೌದಲ್ವಾ? ಅದು ಸಹಾಯ ಕೇಳುವ ಪತ್ರ. ಕೊಡುವವರಿಗೆ ಏನು ಸಿಗುತ್ತದೆ ಅನ್ನುವುದು ಅದರಲ್ಲಿ ಇರುವುದಿಲ್ಲ.

ಇನ್ನೊಂದು ಕಹಿ ಸತ್ಯ. ರ‍್ಯಾಲಿ ನಡೆಯುವುದು ತೋಟದೊಳಗೆ, ಕಾಡಿನಂಚಿನಲ್ಲಿ. ಕಾರು ಸೆಕೆಂಡಿನಲ್ಲಿ ಮಣ್ಣು ಹಾರಿಸಿಕೊಂಡು ಹೋಗುತ್ತದೆ. ಲೋಗೊ ಓದುವವರು ಯಾರು? ಅದಕ್ಕೇ ಕಾರಿನ ಮೇಲಿನ ಜಾಗ ಮಾರಬೇಡಿ. ಕಾರು ನಿಂತಿರುವ ದಿನಗಳನ್ನು ಮಾರಿ. ವರ್ಷದಲ್ಲಿ ಕಾರು ಸ್ಪರ್ಧೆಯಲ್ಲಿರುವುದು ಕೆಲವೇ ದಿನ. ಮಿಕ್ಕ ದಿನ ಸುಮ್ನೆ ಶೆಡ್ಡಿನಲ್ಲಿರುತ್ತದೆ. ಲ್ಯೂಬ್ರಿಕೆಂಟ್ ಕಂಪನಿಯ ಡೀಲರ್ ಸಭೆಗೆ ಅದನ್ನು ಒಯ್ದು ನಿಲ್ಲಿಸಿ. ಮೆಕ್ಯಾನಿಕ್‌ಗಳಿಗೆ ಹೋಟೆಲಿನಲ್ಲಿ ಕಾರ್ಯಕ್ರಮ ಇದ್ದರೆ ಬಾನೆಟ್ ತೆಗೆದು ತೋರಿಸಿ. ಅವರ ಹತ್ತು ಒಳ್ಳೆಯ ಗಿರಾಕಿಗಳನ್ನು ಪಕ್ಕದ ಸೀಟಿನಲ್ಲಿ ಕೂರಿಸಿ, ಸುರಕ್ಷಿತ ಜಾಗದಲ್ಲಿ ಒಂದು ಸುತ್ತು ಹಾಕಿಸಿ. ಇಂಥದ್ದಕ್ಕೆ ದುಡ್ಡು ಕೊಟ್ಟವರನ್ನು ನಾನು ನೋಡಿದ್ದೇನೆ. ಟ್ರೋಫಿಯ ಫೋಟೋಗೆ ಕೊಟ್ಟವರನ್ನು ನೋಡಿಲ್ಲ.

ನಗದು ಬದಲು ಸರಕು ಕೇಳುವುದೂ ಒಳ್ಳೆಯದು. ಆಯಿಲ್, ಬ್ರೇಕ್ ಪ್ಯಾಡ್, ಬ್ಯಾಟರಿ, ತಂಡಕ್ಕೆ ರೂಮು. ಚೆಕ್ ಬರೆಯಲು ಹತ್ತು ಸಲ ಯೋಚಿಸುವ ಮಾಲೀಕರು ಎರಡು ಪೆಟ್ಟಿಗೆ ಆಯಿಲ್ ಕೊಡಲು ಹಿಂದೆಮುಂದೆ ನೋಡುವುದಿಲ್ಲ.

ಮಾತು ಕೊಡುವ ಮುಂಚೆ ರ‍್ಯಾಲಿಯ ನಿಯಮ ಪುಸ್ತಕ ನೋಡಿ. ಕಾರಿನ ಕೆಲವು ಜಾಗ ಆಯೋಜಕರ ಜಾಹೀರಾತಿಗೆ ಮೀಸಲು. ಎಫ್‌ಐಎ ರ‍್ಯಾಲಿಗಳಲ್ಲಿ ಆಯೋಜಕರ ಐಚ್ಛಿಕ ಜಾಹೀರಾತು ಬೇಡ ಅಂದರೆ ಎಂಟ್ರಿ ಫೀ ಜಾಸ್ತಿ ಆಗುತ್ತದೆ. ಚಾಂಪಿಯನ್‌ಶಿಪ್‌ಗೆ ಒಂದು ಟಯರ್ ಕಂಪನಿಯ ಹೆಸರಿದ್ದು, ನೀವು ಇನ್ನೊಂದು ಟಯರ್ ಕಂಪನಿಗೆ ಬಾಗಿಲು ಪೂರ್ತಿ ಬರೆದುಕೊಟ್ಟಿದ್ದರೆ ಸ್ಕ್ರೂಟಿನಿ ದಿನ ಮಜಾ ಇರುತ್ತದೆ.

ಪ್ರಶ್ನೆ: ನನ್ನದು ಸ್ಪೇರ್ ಪಾರ್ಟ್ಸ್ ಅಂಗಡಿ. ನಮ್ಮ ಓಣಿಯ ಹುಡುಗನೊಬ್ಬ ರ‍್ಯಾಲಿಗೆ ಸ್ಪಾನ್ಸರ್ ಮಾಡಿ ಕಾಕಾ ಅಂತ ದಿನಾ ಬರುತ್ತಾನೆ. ಕೊಡಬಹುದಾ?
– ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಕೊಡಿ. ಆದರೆ ಒಮ್ಮೆಲೇ ಕೊಡಬೇಡಿ. ಕಾರು ಸ್ಟಾರ್ಟ್ ರ‍್ಯಾಂಪ್‌ಗೆ ಬಂದಾಗ ಒಂದು ಕಂತು, ಮುಂದಿನ ರ‍್ಯಾಲಿಯ ಎಂಟ್ರಿ ಖಚಿತವಾದಾಗ ಇನ್ನೊಂದು. ದೇಶದ ಮೋಟಾರ್ ಸ್ಪೋರ್ಟ್ ಸಂಸ್ಥೆ ಎಫ್‌ಎಂಎಸ್‌ಸಿಐ ಕೊಡುವ ಲೈಸೆನ್ಸ್ ಅವನ ಹತ್ತಿರ ಇದೆಯೇ ನೋಡಿ. ದುಡ್ಡು ಬ್ಯಾಂಕಿನಿಂದಲೇ ಹೋಗಲಿ, ಒಂದು ಪುಟದ ಒಪ್ಪಂದ ಇರಲಿ. ನಿಮ್ಮ ಪುಸ್ತಕದಲ್ಲಿ ಜಾಹೀರಾತಿನ ಖರ್ಚು ಅಂತ ತೋರಿಸಬೇಕಾದರೆ ಅದು ಬೇಕು. ಜಿಎಸ್‌ಟಿಯಲ್ಲಿ ಸ್ಪಾನ್ಸರ್‌ಶಿಪ್‌ಗೆ ಬೇರೆಯದೇ ನಿಯಮ ಇದೆ, ಕೆಲವು ಸಂದರ್ಭದಲ್ಲಿ ತೆರಿಗೆ ಕಟ್ಟುವ ಹೊಣೆ ಕೊಡುವವರ ಮೇಲೇ ಬೀಳುತ್ತದೆ. ನಿಮ್ಮ ಆಡಿಟರ್‌ಗೆ ಮೊದಲೇ ಒಂದು ಮಾತು ಹೇಳಿ.

ಮೋಸ ಒಂದೇ ಕಡೆಯಿಂದ ಆಗುತ್ತದೆ ಅಂತಲೂ ತಿಳಿಯಬೇಡಿ. ನಾವು ಒಮ್ಮೆ ಒಬ್ಬ ವ್ಯಾಪಾರಿಯ ಬಾಯಿಮಾತು ನಂಬಿ ಇಡೀ ಕಾರಿಗೆ ಅವರ ಬಣ್ಣ ಹೊಡೆಸಿದೆವು. ಮೊದಲ ರ‍್ಯಾಲಿಯಲ್ಲೇ ಕ್ಲಚ್ ಹೋಯಿತು, ಅವರ ಫೋನೂ ಸ್ವಿಚ್ ಆಫ್ ಆಯಿತು. ಬಣ್ಣ ತೆಗೆಸುವ ಖರ್ಚೂ ನಮ್ಮ ತಲೆ ಮೇಲೇ ಬಂತು.

ಪ್ರಶ್ನೆ: ಕಾರಿಗಿಂತ ಬೈಕಿನಲ್ಲಿ ಖರ್ಚು ಕಡಿಮೆ ಅಲ್ವಾ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಕಡಿಮೆ. ಕಂಪನಿ ತಂಡ ಸೇರುವ ದಾರಿಯೂ ಸ್ವಲ್ಪ ಅಗಲ. ಹೊಸೂರಿನ ಟಿವಿಎಸ್ ರೇಸಿಂಗ್, ಮರಳುಗಾಡಿನ ಡಾಕರ್ ಸ್ಪರ್ಧೆವರೆಗೂ ಹೋಗುವ ಹೀರೋ ತಂಡ ಇವು ಸವಾರರನ್ನು ಗುತ್ತಿಗೆಯ ಮೇಲೆ ತೆಗೆದುಕೊಳ್ಳುತ್ತವೆ. 2019ರಲ್ಲಿ ಬಾಹಾ (ಕಚ್ಚಾ ದಾರಿಯ ಸ್ಪರ್ಧೆ) ವಿಶ್ವಕಪ್‌ನ ಮಹಿಳಾ ವಿಭಾಗ ಗೆದ್ದ ಬೆಂಗಳೂರಿನ ಐಶ್ವರ್ಯಾ ಪಿಸ್ಸೆ ಟಿವಿಎಸ್ ಸವಾರರು. ಆದರೆ ಕ್ರಮ ನೋಡಿ. ಬೆಂಗಳೂರಿನವರೇ ಆದ ಸಿ.ಎಸ್. ಸಂತೋಷ್ 2015ರಲ್ಲಿ ಡಾಕರ್ ಓಡಿದ ಮೊದಲ ಭಾರತೀಯ, ಮೊದಲ ಯತ್ನದಲ್ಲೇ 36ನೇ ಸ್ಥಾನ. ಹೀರೋ ತಂಡ ಶುರುವಾಗಿದ್ದು 2016ರಲ್ಲಿ. ಆಮೇಲೆ ಅವರು ಆ ತಂಡಕ್ಕೆ ಸೇರಿದರು. ಕಂಪನಿ ಬರುವ ಹೊತ್ತಿಗೆ ಸವಾರ ಆಗಲೇ ಮರಳುಗಾಡು ದಾಟಿದ್ದ.

ಪ್ರಶ್ನೆ: ನಾನು ಕೆಲಸಕ್ಕಾಗಿ ಜರ್ಮನಿಯಲ್ಲಿದ್ದೇನೆ. ವಿಶ್ವ ರ‍್ಯಾಲಿ ನೋಡಲು ಹೋಗುತ್ತಿರುತ್ತೇನೆ. ಅಲ್ಲಿನವರಿಗೆ ದುಡ್ಡಿನ ತಾಪತ್ರಯ ಇಲ್ಲವೇ?
– ಓದುಗರೊಬ್ಬರು, ಮ್ಯೂನಿಕ್

ಉತ್ತರ: ಇಲ್ಲದೆ ಏನು! ನಾರ್ವೆಯ ಪೆಟರ್ ಸೋಲ್‌ಬರ್ಗ್ 2003ರ ವಿಶ್ವ ಚಾಂಪಿಯನ್. 2008ರ ಡಿಸೆಂಬರ್‌ನಲ್ಲಿ ಸುಬಾರು ಕಂಪನಿ ರ‍್ಯಾಲಿ ಬಿಟ್ಟಿತು. ಚಾಂಪಿಯನ್‌ಗೇ ಕಾರಿಲ್ಲ. ಆತ ಹಳೇ ಸಿಟ್ರೊಯೆನ್ ಜ್ಸಾರಾ ಹಿಡಿದು 2009ರಲ್ಲಿ ಸ್ವಂತ ತಂಡ ಕಟ್ಟಿದರು. ತಂಡ ನೋಡಿಕೊಂಡವರು ಹೆಂಡತಿ ಪರ್ನಿಲ್ಲಾ. ನಮ್ಮಲ್ಲಿ ಮನೆಯವರೆಲ್ಲ ಸೇರಿ ಸರ್ವಿಸ್ ವ್ಯಾನ್ ಓಡಿಸುತ್ತಾರಲ್ಲ, ಅದರ ದೊಡ್ಡ ರೂಪ ಅಷ್ಟೇ.

ಇಂಗ್ಲೆಂಡಿನ ಎಂ-ಸ್ಪೋರ್ಟ್ ಇನ್ನೊಂದು ಮಾದರಿ. ಇವರು ಫೋರ್ಡ್ ಕಾರುಗಳನ್ನು ರ‍್ಯಾಲಿಗೆ ಸಿದ್ಧಮಾಡಿ ಜಗತ್ತಿನಾದ್ಯಂತ ಗಿರಾಕಿಗಳಿಗೆ ಮಾರುತ್ತಾರೆ. ಆ ವ್ಯಾಪಾರವೇ ತಂಡದ ಬೆನ್ನೆಲುಬು. ಉಳಿದವರಂತೆ ಕಾರು ಕಂಪನಿಯ ಪೂರ್ತಿ ಆಸರೆ ಇಲ್ಲದೆಯೂ 2017ರಲ್ಲಿ ತಂಡದ ಪ್ರಶಸ್ತಿ ಗೆದ್ದರು, ಸೆಬಾಸ್ಟಿಯನ್ ಓಜಿಯೆ ಡ್ರೈವರ್ ಪ್ರಶಸ್ತಿ ಗೆದ್ದರು. ದುಡ್ಡು ಕೊಟ್ಟು ಓಡಿಸುವವರಿಗೂ ಅಲ್ಲಿ ಸೀಟು ಉಂಟು. ಉದ್ಯಮಿ ಜೋರ್ಡನ್ ಸೆರ್ಡೆರಿಡಿಸ್ ತಮ್ಮ ಖರ್ಚಿನಲ್ಲೇ ಅವರ ಅತಿ ದೊಡ್ಡ ದರ್ಜೆಯ ಕಾರು ಓಡಿಸಿದ್ದಾರೆ. ಅದರಲ್ಲಿ ನಾಚಿಕೆಯೇನಿಲ್ಲ.

ಹುಡುಗರಿಗೆ ಅಲ್ಲಿ ಇರುವ, ನಮ್ಮಲ್ಲಿ ಕಾಣದ ಒಂದು ಏಣಿ ಎಂದರೆ ದೊಡ್ಡ ಬಹುಮಾನ. 2011ರಲ್ಲಿ ಡಬ್ಲ್ಯುಆರ್‌ಸಿ (ವಿಶ್ವ ಚಾಂಪಿಯನ್‌ಶಿಪ್) ಕಿರಿಯರಿಗಾಗಿ ನಡೆಸಿದ ಅಕಾಡೆಮಿ ಸರಣಿಯಲ್ಲಿ ಗೆದ್ದವರಿಗೆ 5 ಲಕ್ಷ ಯೂರೊ ಮೊತ್ತದ ಮುಂದಿನ ಸೀಸನ್. ಐರ್ಲೆಂಡಿನ ಕ್ರೇಗ್ ಬ್ರೀನ್ ಮತ್ತು ಆಸ್ಟ್ರಿಯಾದ ಎಗೊನ್ ಕೌರ್ ಇಬ್ಬರ ಪಾಯಿಂಟೂ ಸಮ. ಜಾಸ್ತಿ ಸ್ಟೇಜ್ ಗೆದ್ದಿದ್ದ ಬ್ರೀನ್‌ಗೆ ಬಹುಮಾನ ಹೋಯಿತು. ಒಬ್ಬನಿಗೆ ಮುಂದಿನ ವರ್ಷ ಪೂರ್ತಿ, ಇನ್ನೊಬ್ಬನಿಗೆ ಬರೀ ಹಸ್ತಲಾಘವ.

ನಮ್ಮ ದುಡ್ಡೂ ಅಲ್ಲಿ ಓಡುತ್ತಿದೆ, ಗೊತ್ತಾ? ಸ್ಪೇನಿನ ಎಫ್ರೆನ್ ಯಾರೆನಾ 2022ರಲ್ಲಿ ಯುರೋಪಿಯನ್ ಚಾಂಪಿಯನ್ ಆಗಿದ್ದು ಚೆನ್ನೈನ ಎಂಆರ್‌ಎಫ್ ತಂಡದಿಂದ. ಯುರೋಪಿನ ರಸ್ತೆಯಲ್ಲಿ ಟಯರ್ ಪಳಗಿಸಿ ಅಲ್ಲೇ ಮಾರಬೇಕಾದರೆ ಅಲ್ಲಿನ ರಸ್ತೆ ಬಲ್ಲ ಡ್ರೈವರ್ ಬೇಕು. ಇದರಲ್ಲಿ ನಮ್ಮ ಹುಡುಗರಿಗೆ ಅನ್ಯಾಯ ಅಂತ ಕೂಗುವವರಿದ್ದಾರೆ. ನನಗೆ ಹಾಗೆ ಅನ್ನಿಸುವುದಿಲ್ಲ.

ಪ್ರಶ್ನೆ: ಮಗಳು ಕೋ-ಡ್ರೈವರ್ ಆಗಿ ಹೋಗುತ್ತಾಳೆ. ಅವಳೂ ದುಡ್ಡು ಹಾಕಬೇಕು ಅಂತ ಡ್ರೈವರ್ ಕೇಳುತ್ತಿದ್ದಾನಂತೆ. ಇದು ಸರಿಯಾ?
– ತಾಯಿಯೊಬ್ಬರು, ಮೈಸೂರು

ಉತ್ತರ: ಎರಡೂ ಪದ್ಧತಿ ಉಂಟು, ತಾಯಿ. ಪಕ್ಕದಲ್ಲಿ ಕೂತು ಪೇಸ್ ನೋಟ್ಸ್ ಓದುವ ಕೋ-ಡ್ರೈವರ್ ಅನುಭವ ಇರುವವರಾದರೆ ಅವರಿಗೆ ಡ್ರೈವರೇ ಫೀ ಕೊಡುತ್ತಾನೆ. ಹೊಸಬರು ಕೆಲವೊಮ್ಮೆ ಖರ್ಚು ಹಂಚಿಕೊಳ್ಳುತ್ತಾರೆ. ಎಂಟ್ರಿ ಫೀನಲ್ಲಿ, ಓಡಾಟದಲ್ಲಿ ಪಾಲು ಕೊಡುವುದು ತಪ್ಪಲ್ಲ. ಕಾರು ಗುದ್ದಿದರೆ ರಿಪೇರಿಯಲ್ಲಿ ಪಾಲು ಅಂತ ಕೇಳಿದರೆ ಮಾತ್ರ ಬೇಡ ಅನ್ನಿ, ಸ್ಟೇರಿಂಗ್ ಅವಳ ಕೈಯಲ್ಲಿಲ್ಲ. ಸ್ಪಾನ್ಸರ್ ದುಡ್ಡು ಬಂದರೆ ಅವಳಿಗೂ ಪಾಲಿದೆಯೇ ಅಂತ ಈಗಲೇ ಕೇಳಿಸಿ. ಎಲ್ಲ ಒಂದು ಹಾಳೆಯಲ್ಲಿ ಬರೆಸಿ, ರೆಕ್ಕಿ ದಿನದ ಊಟದ ಖರ್ಚು ಯಾರದ್ದು ಅನ್ನುವುದನ್ನೂ. ನಾನು ನೋಡಿದ ಜಗಳಗಳಲ್ಲಿ ಅರ್ಧ ಶುರುವಾಗಿದ್ದು ಹೋಟೆಲ್ ಬಿಲ್ಲಿನಿಂದಲೇ.