24 ಗಂಟೆಯ ಲಾರ್ವಾ ಅಂದರೆ ಯಾವುದು?

ಶಿವಮೊಗ್ಗದಲ್ಲಿ ಎಂ.ಎಸ್ಸಿ. ಝೂಆಲಜಿ, ಮುಂದೆ ಕಡಲ ಹುಳುಗಳ ವಿಕಾಸದ ಮೇಲೆ ಕೆಲಸ ಮಾಡುವ ಆಸೆ, ಅದಕ್ಕೆ ಡಿಎನ್‌ಎ ಓದುವ ಯಂತ್ರಗಳಲ್ಲಿ ಇಲ್ಯುಮಿನಾ ಕಲಿಯಬೇಕಾ ನ್ಯಾನೋಪೋರ್ ಕಲಿಯಬೇಕಾ ಎಂಬ ಗೊಂದಲ, ಕಡಲಿಲ್ಲದ ಊರಲ್ಲಿ ಕೂತು ಹಿಂದೆ ಬೀಳುತ್ತೇನಾ ಎಂಬ ಭಯ. ನಿಮ್ಮ ಪ್ರಶ್ನೆ ಓದಿ ನನ್ನ ಹಳೇ ಡೈರಿ ಓದಿದ ಹಾಗಾಯ್ತು.

ನಮ್ಮ ಮನೆ ಹೊಸನಗರದ ಹತ್ತಿರ. ನಮ್ಮ ಕಡೆಯಿಂದ ಹರಿದು ಹೋಗುವ ಶರಾವತಿ ಹೊನ್ನಾವರದಲ್ಲಿ ಕಡಲು ಸೇರುತ್ತದೆ. ನಾನು ಘಟ್ಟ ಇಳಿದು ಹೋಗಿ ಹುಳು ಹುಡುಕಿದ್ದು ಅದೇ ಅಳಿವೆಯ ಕೆಸರಲ್ಲಿ. ಮೀನು ಹಿಡಿಯುವವರು ಗಾಳಕ್ಕೆ ಚುಚ್ಚುವ ಜಾತಿಯದು. ಮೈಯೆಲ್ಲ ಖಂಡ ಖಂಡ, ಪ್ರತಿ ಖಂಡದ ಎರಡೂ ಪಕ್ಕ ಕಾಲಿನಂಥ ಮಡಿಕೆ, ಅದರ ತುದಿಯಲ್ಲಿ ಬಿರುಗೂದಲು. ಯುರೋಪಿನ ಲ್ಯಾಬ್‌ಗಳಲ್ಲಿ 1950ರ ದಶಕದಿಂದ ಸಾಕುತ್ತಿರುವ ಪ್ಲಾಟಿನೆರೀಸ್ ಡುಮೆರಿಲಿ ಎಂಬ ಹುಳುವಿಗೆ ಇದು ಹತ್ತಿರದ ನೆಂಟ.

2023ರಲ್ಲಿ ನೇಚರ್ ಪತ್ರಿಕೆಯಲ್ಲಿ ಮೂರು ಕಡಲ ಹುಳುಗಳನ್ನು ಹೋಲಿಸಿದ ಲೇಖನ ಬಂತು. ಓವೀನಿಯಾ ಎಂಬ ಹುಳುವಿನ ಲಾರ್ವಾ, ಅಂದರೆ ದೊಡ್ಡ ಹುಳುವಿನ ರೂಪ ಇನ್ನೂ ಬಾರದ ಎಳೇ ಮರಿ, ಹೆಚ್ಚುಕಡಿಮೆ ಈಜುವ ತಲೆ ಮಾತ್ರ. ಮುಂಡ ಕಟ್ಟುವ ಹಾಕ್ಸ್ ಜೀನ್‌ಗಳು ಅದರಲ್ಲಿ ತುಂಬಾ ತಡವಾಗಿ, ರೂಪ ಬದಲಾಗುವ ಹೊತ್ತಿಗೆ ಕೆಲಸ ಶುರುಮಾಡುತ್ತವೆ. ಲಾರ್ವಾ ಹಂತವೇ ಇಲ್ಲದ ಡೈಮಾರ್ಫಿಲಸ್ ಎಂಬ ಹುಳುವಿನಲ್ಲಿ ಅವೇ ಜೀನ್‌ಗಳು ಬೇಗ ಏಳುತ್ತವೆ. ಜೀನ್ ಅದೇ, ಏಳುವ ಹೊತ್ತು ಬೇರೆ, ಅದರಿಂದ ಮರಿಯ ರೂಪವೇ ಬೇರೆ! ಅದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಮ್ಮ ಅಳಿವೆಯ ಹುಳುವಿನಲ್ಲೂ ಹೀಗೇ ನೋಡಬೇಕು ಅಂತ ತೀರ್ಮಾನ ಮಾಡಿಬಿಟ್ಟೆ.

ತತ್ತಿ, ವೀರ್ಯ ಬೆರೆಸಿದ ಗಳಿಗೆಯಿಂದ ಗಂಟೆ ಲೆಕ್ಕ. 12, 24, 48, 72 ಗಂಟೆ. ಪ್ರತಿ ಹಂತಕ್ಕೆ ಮೂರು ಬಾರಿ, ಒಟ್ಟು 12 ಟ್ಯೂಬ್. ಯಾವ ಜೀನ್ ಕೆಲಸ ಮಾಡುತ್ತಿದೆ ಅಂತ ತಿಳಿಯುವುದು ಆರ್‌ಎನ್‌ಎಯಿಂದ. ಒಂದು ಲಾರ್ವಾದಿಂದ ಸಿಗುವ ಆರ್‌ಎನ್‌ಎ ತೀರಾ ಕಡಿಮೆ, ಹಾಗಾಗಿ ಒಂದೊಂದು ಟ್ಯೂಬಿಗೆ ನೂರಾರು ಮರಿಗಳನ್ನು ಹಾಕಿ, ಆರ್‌ಎನ್‌ಎ ತೆಗೆಯುವ ಟ್ರೈಜಾಲ್ ಎಂಬ ದ್ರವದಲ್ಲಿ ಅರೆದೆ. ಡ್ರೈ ಐಸ್‌ನಲ್ಲಿಟ್ಟು ಸೀಕ್ವೆನ್ಸಿಂಗ್‌ಗೆ, ಅಂದರೆ ಯಂತ್ರದಲ್ಲಿ ಓದಿಸಲು, ಕಳಿಸಿದೆ. ಡೇಟಾ ಬಂತು. 24 ಗಂಟೆಗೇ ಮುಂಡದ ಹಾಕ್ಸ್ ಜೀನ್‌ಗಳು ಜೋರಾಗಿದ್ದವು. ಪ್ಲಾಟಿನೆರೀಸ್‌ನ 24 ಗಂಟೆಯ ಡೇಟಾದಲ್ಲಿ ಅಷ್ಟಿರಲಿಲ್ಲ. ವಿಕಾಸದಲ್ಲಿ ಗಡಿಯಾರ ಮುಂದೆ ಸರಿದಿದೆ ಅಂತ ಸ್ಲೈಡ್ ಮಾಡಿ ಸೆಮಿನಾರ್ ಕೊಟ್ಟೆ.

ಕೊನೆಯ ಸಾಲಲ್ಲಿ ಕೂತಿದ್ದ ಒಬ್ಬ ಸೀನಿಯರ್ ಅಕ್ಕ ಒಂದೇ ಮಾತು ಕೇಳಿದರು. "24 ಗಂಟೆಯ ಮರಿಯ ಫೋಟೋ ತೋರಿಸ್ತೀಯಾ?"

ನನ್ನ ಹತ್ತಿರ ಒಂದೂ ಫೋಟೋ ಇರಲಿಲ್ಲ.

ಇಲ್ಲಿ ಆಗಿದ್ದೇನು ಅಂತ ಬಿಡಿಸಿ ಹೇಳಬೇಕು, ಯಾಕೆಂದರೆ ಇದೇ ನನ್ನ ಒಂದೂವರೆ ವರ್ಷ ತಿಂದಿದ್ದು. ಪ್ಲಾಟಿನೆರೀಸ್‌ನ ಗಂಟೆ ಲೆಕ್ಕವೆಲ್ಲ 18 ಡಿಗ್ರಿ ಶಾಖದಲ್ಲಿ ಬರೆದದ್ದು. ಆ ತಂಪಿನಲ್ಲಿ 24 ಗಂಟೆಯ ಮರಿ ಅಂದರೆ ಸೊಂಟಕ್ಕೆ ರೋಮದ ಪಟ್ಟಿ ಕಟ್ಟಿಕೊಂಡು ಗಿರಗಿರ ತಿರುಗುವ ದುಂಡನೆ ಚೆಂಡು. 72 ಗಂಟೆಗೆ ಮೂರು ಖಂಡ, ಹೊರಗೆ ಚಾಚಿದ ಬಿರುಗೂದಲು. ನನ್ನ ಬೋಗುಣಿಗಳು ಇದ್ದದ್ದು 28 ಡಿಗ್ರಿಯ ರೂಮಲ್ಲಿ. ಶಾಖ ಜಾಸ್ತಿಯಾದರೆ ಮರಿ ಬೇಗ ಬೆಳೆಯುತ್ತದೆ, ಅಲ್ವಾ? ಆಮೇಲೆ ಮತ್ತೆ ಸಾಕಿ ನೋಡಿದಾಗ 24 ಗಂಟೆಗೆ ಚೆಂಡು ಇರಲೇ ಇಲ್ಲ. ಮೈ ಆಗಲೇ ಉದ್ದವಾಗಿ ಬಿರುಗೂದಲು ಮೂಡುತ್ತಿತ್ತು. ನಾನು ಹೋಲಿಸಿದ್ದು ಅವರ ಎಳೇ ಮರಿಯನ್ನು ನನ್ನ ಬಲಿತ ಮರಿಯ ಜೊತೆ. ನಾನು ವಿಕಾಸ ಅಂದದ್ದು ಬರೀ ರೂಮಿನ ಸೆಕೆ.

ಲೆಕ್ಕಾಚಾರದಲ್ಲಿ ಸರಿಮಾಡಬಹುದಲ್ಲ ಅನ್ನಿಸಬಹುದು. ಆಗುವುದಿಲ್ಲ. ನನ್ನ ಹುಳುವಿನ ಎಲ್ಲ ಟ್ಯೂಬೂ ಬೆಚ್ಚಗಿನವು, ಅವರ ಹುಳುವಿನ ಎಲ್ಲವೂ ತಂಪಿನವು. ವ್ಯತ್ಯಾಸ ಜಾತಿಯಿಂದ ಬಂತೋ ಶಾಖದಿಂದ ಬಂತೋ ಅಂತ ಯಾವ ಪ್ರೋಗ್ರಾಂ ಕೂಡ ಬೇರ್ಪಡಿಸಲಾರದು. ಟ್ಯೂಬಿನ ಮೇಲೆ ನಾನು ಅಂಟಿಸಿದ ಚೀಟಿಯನ್ನೇ ಅದು ನಂಬುತ್ತದೆ. ಮೇಲಾಗಿ ಮೂರನೇ ಬಾರಿಯ ಮರಿಗಳು ಜುಲೈ ಮಳೆಯಲ್ಲಿ ಬೆಳೆದವು, ಅವು ಮೊದಲೆರಡಕ್ಕೂ ಹೊಂದುತ್ತಿರಲಿಲ್ಲ. ತಿರುಗಿ ನೋಡೋಣ ಅಂದರೆ ಮರಿಗಳೇ ಇಲ್ಲ, ಎಲ್ಲವನ್ನೂ ಅರೆದಾಗಿತ್ತು. ಪ್ರತಿ ಬೋಗುಣಿಯಿಂದ ಹತ್ತು ಮರಿ ತೆಗೆದು ಫಾರ್ಮಲಿನ್‌ನಲ್ಲಿಟ್ಟಿದ್ದರೆ ಸಾಕಿತ್ತು. ಹತ್ತೇ ಹತ್ತು.

ಎರಡನೇ ಸಲ ಗಂಟೆ ಬರೆಯುವುದನ್ನು ಬಿಟ್ಟು ರೂಪ ಬರೆದೆ. ರೋಮಪಟ್ಟಿ ತಿರುಗತೊಡಗಿದ್ದು, ಕಣ್ಣಿನ ಕೆಂಪು ಚುಕ್ಕಿ ಬಂದದ್ದು, ಮೊದಲ ಬಿರುಗೂದಲು ಹೊರಬಂದದ್ದು. ಹಾಗೆ ಹೊಂದಿಸಿ ನೋಡಿದಾಗ ಹಾಕ್ಸ್ ಜೀನ್‌ಗಳ ಹೊತ್ತಿನಲ್ಲಿ ಹೇಳುವಂಥ ವ್ಯತ್ಯಾಸ ಉಳಿಯಲಿಲ್ಲ.

ಹಾಗಾಗಿ ಇಲ್ಯುಮಿನಾ ಅಥವಾ ನ್ಯಾನೋಪೋರ್ ಅನ್ನುವ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಯಾವ ಜೀನ್ ಎಷ್ಟು ಕೆಲಸ ಮಾಡುತ್ತಿದೆ ಅಂತ ಎಣಿಸಲು ಇಲ್ಯುಮಿನಾದ ಚಿಕ್ಕ ತುಣುಕು ಸಾಕು. ಇಡೀ ಜೀನೋಮ್, ಅಂದರೆ ಒಂದು ಜೀವಿಯ ಪೂರ್ತಿ ಡಿಎನ್‌ಎ, ಜೋಡಿಸಲು ನ್ಯಾನೋಪೋರ್‌ನ ಉದ್ದ ತುಣುಕು ಒಳ್ಳೆಯದು. ಅಷ್ಟೇ. ಯಂತ್ರ ನಡೆಸುವವರು ಬೇರೆಯೇ ಇರುತ್ತಾರೆ. ಡೇಟಾ ಜೊತೆ ಕೆಲಸ ಕಲಿಯಲು ಎನ್‌ಸಿಬಿಐ ಎಂಬ ಸಾರ್ವಜನಿಕ ಡೇಟಾ ಭಂಡಾರದಲ್ಲಿ ಈ ಹುಳುಗಳ ಡೇಟಾ ಪುಕ್ಕಟೆ ಇದೆ, ಹಾಸ್ಟೆಲ್‌ನಿಂದಲೇ ಇಳಿಸಿಕೊಳ್ಳಿ.

ಕಡಲಿಲ್ಲ ಅನ್ನುವ ಕೊರಗನ್ನೂ ಬಿಡಿ. ಎರೆಹುಳು, ನಮ್ಮ ಕಾಡಿನ ಜಿಗಣೆ ಇಂಬಳ, ಎರಡೂ ಕಡಲ ಹುಳುಗಳ ವಂಶದ ಒಳಗಿನ ಕೊಂಬೆಗಳೇ. 2013ರಲ್ಲಿ ಕ್ಯಾಪಿಟೆಲ್ಲಾ ಎಂಬ ಕಡಲ ಹುಳುವಿನ ಜೀನೋಮ್ ಪ್ರಕಟವಾದಾಗ ಜೊತೆಗೇ ಒಂದು ಸಿಹಿನೀರಿನ ಜಿಗಣೆಯದೂ ಬಂತು. ಕಡಲ ಹುಳು ಬೆಳೆದಂತೆಲ್ಲ ಬಾಲದ ಕಡೆ ಹೊಸ ಖಂಡ ಸೇರಿಸುತ್ತಾ ಹೋಗುತ್ತದೆ, ಇಂಬಳ ಎಷ್ಟೇ ದಪ್ಪವಾದರೂ 32 ಖಂಡಕ್ಕೇ ನಿಲ್ಲುತ್ತದೆ. ಆಗುಂಬೆ ಕಾಡಲ್ಲಿ ಕಾಲಿಗೆ ಹತ್ತಿದ್ದನ್ನು ಕಿತ್ತೆಸೆಯುವ ಮೊದಲು ಯೋಚಿಸಿ, ಅದು ಯಾಕೆ ಅಲ್ಲಿಗೇ ನಿಲ್ಲುತ್ತದೆ? ಇದಕ್ಕಿಂತ ದೊಡ್ಡ ಪ್ರಶ್ನೆ ಕಡಲಲ್ಲೂ ಸಿಗುವುದಿಲ್ಲ.

ಈ ವಾರವೇ ಶುರುಮಾಡಿ. ಯಾರ ತೋಟದಲ್ಲಾದರೂ ಎರೆಗೊಬ್ಬರದ ಗುಂಡಿ ಇದ್ದೇ ಇರುತ್ತದೆ. ಅದರಲ್ಲಿ ಸಾಸಿವೆಗಿಂತ ಸ್ವಲ್ಪ ದೊಡ್ಡ, ನಿಂಬೆ ಆಕಾರದ ಗೂಡುಗಳು ಸಿಗುತ್ತವೆ. ಹೊಸದಾಗಿ ಇಟ್ಟವನ್ನು ಆರಿಸಿ ಒದ್ದೆ ಕಾಗದ ಹಾಸಿದ ಎರಡು ತಟ್ಟೆಗಳಲ್ಲಿಡಿ. ಅರ್ಧ ಅಟ್ಟದ ಮೇಲೆ, ಅರ್ಧ ಬಾವಿಕಟ್ಟೆಯ ನೆರಳಲ್ಲಿ. ಎರಡೂ ಕಡೆ ಥರ್ಮಾಮೀಟರ್ ಇರಲಿ. ದಿನಾ ಬೆಳಕಿಗೆ ಹಿಡಿದು ಫೋಟೋ ತೆಗೆಯಿರಿ. ಒಳಗಿನ ಮರಿಯ ಕೆಂಪು ಮೊದಲು ಯಾವ ತಟ್ಟೆಯಲ್ಲಿ ಕಾಣಿಸಿತು, ಎಷ್ಟು ದಿನ ಮುಂಚೆ ಅಂತ ಬರೆದಿಡಿ. ಆ ಫೋಟೋಗಳನ್ನು ಇಲ್ಲಿ ಹಾಕಿ, ಯಾವ ಹಂತದಲ್ಲಿ ಆರ್‌ಎನ್‌ಎ ತೆಗೆಯಬೇಕು ಅಂತ ಕೂತು ನೋಡೋಣ.